ಪಡಸಾಲೆ ಯಾರದು?

ದಸರೆ ಮುಗಿದು ದೀಪಾವಳಿ ಸಮೀಪಿಸುವ ದಿನಗಳಲ್ಲಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಯಾವ ಓಣಿಯನ್ನು ಹೊಕ್ಕರೂ ಒಂದೇ ನೋಟವು ಕಣ್ಣಿಗೆ ಬೀಳುತ್ತದೆ. ಪಡಸಾಲೆಯ ಸಾಮಾನುಗಳೆಲ್ಲ ಕಟ್ಟೆಯ ಮೇಲೆ ಬಂದು ಕುಳಿತಿವೆ. ಒಳಗೆ ಬಣ್ಣಗಾರನು ಏಣಿಯೇರಿ ಗೋಡೆಯನ್ನು ಕೆರೆಯುತ್ತಿದ್ದಾನೆ. ಹೊರಗೆ ಯಜಮಾನನು ಅಂಗಡಿಯವರು ಕೊಟ್ಟ ಬಣ್ಣದ ಪುಸ್ತಕವನ್ನು ತೊಡೆಯ ಮೇಲಿರಿಸಿಕೊಂಡು, ನೂರಾರು ಬಣ್ಣಗಳಲ್ಲಿ ಒಂದನ್ನು ಆರಿಸಲಾರದೆ ತಲೆಯ ಮೇಲೆ ಕೈಹೊತ್ತಿದ್ದಾನೆ. ಹಳೆಯ ಬಾಕು ಹಿತ್ತಲಿಗೆ ಹೋಗಿದೆ. ಹೊಸ ಸೋಫಾ ಹಾದಿಯಲ್ಲಿದೆ. ಇಷ್ಟೆಲ್ಲ ಏತಕ್ಕೆಂದು ಕೇಳಿದರೆ ಬರುವ ಉತ್ತರವೂ ಬಹುಮಟ್ಟಿಗೆ ಒಂದೇ: "ಬೀಗರು ಬರುವವರಿದ್ದಾರೆ."

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಎರಡು ಕಷ್ಟಗಳನ್ನು ಒಂದು ಗಾದೆಯಲ್ಲಿ ಜೋಡಿಸಿದರು. ನಾವು ಅವೆರಡನ್ನೂ ಒಂದೇ ಕಷ್ಟವನ್ನಾಗಿ ಮಾಡಿಕೊಂಡಿದ್ದೇವೆ. ಮನೆಯನ್ನು ಹೊಸದು ಮಾಡುವುದು ಮನೆಯವರಿಗಾಗಿ ಅಲ್ಲ, ವರ್ಷಕ್ಕೊಮ್ಮೆ ಬಂದು ಅರ್ಧ ತಾಸು ಕುಳಿತು ಚಹ ಕುಡಿದು ಹೋಗುವವರಿಗಾಗಿ ಎಂಬ ಈ ಬುದ್ಧಿಯ ಮೇಲೆಯೇ ನನ್ನ ಆಕ್ಷೇಪವು. ಹೊಸತನದ ಮೇಲೆ ನನಗೆ ಯಾವ ಹಗೆಯೂ ಇಲ್ಲ. ಮಾಸಿದ ಗೋಡೆಗೆ ಬಣ್ಣ ಬೇಕು. ಮುರಿದ ಕುರ್ಚಿಯ ಬದಲು ಗಟ್ಟಿ ಕುರ್ಚಿ ಬೇಕು. ಆದರೆ ಯಾರಿಗೆ ಬೇಕು, ಯಾರ ದುಡ್ಡಿನಿಂದ ಬೇಕು, ಏನನ್ನು ಕೆಡವಿ ಬೇಕು ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಏಣಿಯನ್ನು ಏರಬಾರದೆಂಬುದೇ ಈ ಲೇಖನದ ತಾತ್ಪರ್ಯ.

ಮೊದಲು ಹಳೆಯ ಪಡಸಾಲೆಯ ಮಾತು. ಅದನ್ನು ಹೊಗಳುವುದು ಸುಲಭ. ಕಲ್ಲುಮಣ್ಣುಗಳ ದಪ್ಪ ಗೋಡೆ, ತೊಲೆ-ಜಂತಿಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆ, ನಡುವೆ ಆಕಾಶಕ್ಕೆ ತೆರೆದ ಬೆಳಕಿಂಡಿ. ಇವುಗಳಿಂದಾಗಿ ಉರಿಬಿಸಿಲಿನ ವೈಶಾಖದಲ್ಲಿಯೂ ಅಲ್ಲಿ ಮಧ್ಯಾಹ್ನ ಒಂದು ನಿದ್ರೆ ತೆಗೆಯಬಹುದಾಗಿತ್ತು. ಆದರೆ ಆ ಪಡಸಾಲೆಗೆ ಪಾಪಗಳೂ ಇದ್ದುವು. ಯಾವ ಜಾತಿಯವನು ಗಾದಿಯ ಮೇಲೆ, ಯಾವನು ಜಮಖಾನೆಯ ಮೇಲೆ, ಯಾವನು ಕಟ್ಟೆಯ ಕೆಳಗೆ ಎಂಬುದನ್ನು ಅಲ್ಲಿಯ ನೆಲವೇ ಹೇಳುತ್ತಿತ್ತು. ಮನೆಯ ಹೆಂಗಸರಂತೂ ನಡುಮನೆಯ ಬಾಗಿಲ ಮರೆಯಿಂದಲೇ ಅದನ್ನು ನೋಡತಕ್ಕವರು. ಬಳೆಗಾರನು ಬಂದ ದಿನ ಮಾತ್ರ ಅವರು ನಿರ್ಭಯವಾಗಿ ಅಲ್ಲಿ ಕುಳಿತು ಕೈಯೊಡ್ಡುತ್ತಿದ್ದರು. ಮುಧೋಳದವರು ತಮ್ಮವನೆಂದು ಹೆಮ್ಮೆಪಡುವ ಕವಿ ರನ್ನನು ಹುಟ್ಟಿದ್ದು ಬಳೆಗಾರರ ಕುಲದಲ್ಲಿಯೇ ಎಂಬುದನ್ನು ನೆನೆದಾಗ, ಆ ವೃತ್ತಿಯ ಬಗ್ಗೆ ನನಗೆ ಇನ್ನಷ್ಟು ಗೌರವವುಂಟಾಗುತ್ತದೆ: ನಮ್ಮ ಹೆಣ್ಣುಮಕ್ಕಳಿಗೆ ಅವರ ಮನೆಯ ಪಡಸಾಲೆಯನ್ನು ವರ್ಷಕ್ಕೆ ಒಂದೆರಡು ದಿನವಾದರೂ ದೊರಕಿಸಿಕೊಟ್ಟವರು ಅವರು. ಆದುದರಿಂದ ಹಳೆಯದೆಲ್ಲ ಹೊನ್ನೆಂದು ನಾನು ಹೇಳಲಾರೆ.

ಆದರೆ ಹೊಸ ಪಡಸಾಲೆಯು ಆ ಪಾಪವನ್ನು ತೊಳೆಯಿತೇ? ಇಲ್ಲ, ಅದಕ್ಕೆ ಮೆರುಗು ಹಚ್ಚಿತು. ಜಮಖಂಡಿಯ ಪಟವರ್ಧನರ ಸಂಸ್ಥಾನವೂ ಮುಧೋಳದ ಘೋರ್ಪಡೆಯವರ ಸಂಸ್ಥಾನವೂ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. ಅರಸರ ದಿವಾಣಖಾನೆಗಳು ಬರಿದಾದುವು. ಆದರೆ ದಿವಾಣಖಾನೆಯ ಮೋಹವು ಮಾತ್ರ ವಿಲೀನವಾಗದೆ ನಮ್ಮ ನಮ್ಮ ಮನೆಗಳಿಗೆ ಹಂಚಿಹೋಯಿತು. ಹತ್ತು ಅಡಿ ಅಗಲದ ಕೋಣೆಯಲ್ಲಿ ಸಿಂಹಾಸನದಂತಹ ಸೋಫಾ, ಅದರ ಮೇಲೊಂದು ಹೊದಿಕೆ, ಹೊದಿಕೆ ಮಾಸಬಾರದೆಂದು ಅದರ ಮೇಲೊಂದು ಪ್ಲಾಸ್ಟಿಕು. ಮಕ್ಕಳು ಅದರ ಮೇಲೆ ಹತ್ತಬಾರದು; ಮುದುಕರು ಅದರ ಮೇಲೆ ಮಲಗಬಾರದು; ಸೊಸೆಯು ಹಿರಿಯರೆದುರು ಅದರ ಮೇಲೆ ಕುಳಿತುಕೊಳ್ಳಬಾರದು. ಮನೆಯ ಮಂದಿಯೆಲ್ಲ ಅಡಿಗೆಮನೆಯ ನೆಲದ ಮೇಲೆ; ಮನೆಯ ಅತ್ಯುತ್ತಮವಾದ ಸ್ಥಳವು ಬಾರದ ಅತಿಥಿಯ ವಶದಲ್ಲಿ! ಇದಕ್ಕೆ ಸುಧಾರಣೆಯೆನ್ನಬೇಕೇ?

ಈಗ ಗೋಡೆಯ ಸಂಗತಿ. ಇದರಲ್ಲಿ ನಾನೂ ಅಪರಾಧಿ. ಕೆಲವು ವರ್ಷಗಳ ಕೆಳಗೆ ನಾನು ನಮ್ಮ ಅಜ್ಜನ ಕಾಲದ ಮಣ್ಣುಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಿ, ಮೇಲೆ ಹೊಳೆಯುವ ಪ್ಲಾಸ್ಟಿಕ್ ಬಣ್ಣವನ್ನು ಬಳಿಸಿದೆನು. ಹತ್ತು ವರ್ಷ ಕೈ ಮುಟ್ಟುವಂತಿಲ್ಲವೆಂದು ಕೆಲಸದವನು ಭರವಸೆ ಕೊಟ್ಟಿದ್ದನು. ಎರಡನೆಯ ಮಳೆಗಾಲಕ್ಕೆ ಗೋಡೆಯು ಸಿಡುಬೆದ್ದ ಮುಖದಂತಾಯಿತು. ಮೂರನೆಯದಕ್ಕೆ ಗಿಲಾವು ಹಪ್ಪಳದಂತೆ ಎದ್ದು ಬಿದ್ದಿತು. ಒಳಗಿನ ಮಣ್ಣು ಒದ್ದೆಯಾಗಿ ಪುಡಿಯಾಗಿತ್ತು. ನಮ್ಮ ಅಜ್ಜಿಯು ಅದನ್ನು ನೋಡಿ, "ಗೋಡಿಗೆ ಉಸರ ಕಟ್ಟೇತಿ" ಎಂದಳು. ಅಕ್ಷರ ಕಲಿಯದ ಆಕೆಯ ಮಾತು ಶಾಸ್ತ್ರದ ಮಾತೇ ಆಗಿತ್ತು.

ಮಣ್ಣಿನ ಗೋಡೆಯು ನೆಲದಿಂದ ತೇವವನ್ನು ಹೀರಿ, ಮೈಯಿಂದ ಗಾಳಿಗೆ ಬಿಡುತ್ತದೆ. ಸುಣ್ಣದ ಪದರು ಆ ಆವಿಯನ್ನು ಹೊರಗೆ ಹೋಗಗೊಡುತ್ತದೆ. ಸಿಮೆಂಟೂ ಪ್ಲಾಸ್ಟಿಕ್ ಬಣ್ಣವೂ ಅದನ್ನು ಒಳಗೇ ತಡೆಯುತ್ತವೆ. ತಡೆದ ನೀರು ಒಂದಲ್ಲ ಒಂದು ದಿನ ಹೊದಿಕೆಯನ್ನು ಒಡೆದುಕೊಂಡು ಬರುತ್ತದೆ. ಸುಣ್ಣವೆಂದರೆ ಏನು? ಸುಣ್ಣಗಲ್ಲನ್ನು ಸುಮಾರು 900 ಡಿಗ್ರಿ ಕಾವಿನಲ್ಲಿ ಸುಟ್ಟರೆ ಅದರೊಳಗಿನ ಇಂಗಾಲಾಮ್ಲವು ಹಾರಿಹೋಗಿ ಸುಟ್ಟಸುಣ್ಣವು ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕುದಿದು ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಅದು ಗಾಳಿಯೊಳಗಿನ ಇಂಗಾಲಾಮ್ಲವನ್ನು ಮರಳಿ ಪಡೆದು ಕೆಲವು ವಾರಗಳಲ್ಲಿ ಪುನಃ ಕಲ್ಲಾಗುತ್ತದೆ. ಅಂದರೆ ಸುಣ್ಣ ಬಳಿಯುವುದೆಂದರೆ ಗೋಡೆಗೆ ತೆಳುವಾದ ಕಲ್ಲಿನ ಅಂಗಿಯನ್ನು ತೊಡಿಸುವುದು. ಅದರ ಕ್ಷಾರಗುಣದಿಂದ ಬೂಷ್ಟು ಸುಲಭವಾಗಿ ಹತ್ತದು. ಈ ಸುಣ್ಣಗಲ್ಲು ನಮಗೆ ದೂರದ ವಸ್ತುವೂ ಅಲ್ಲ. ಮುಧೋಳ-ಲೋಕಾಪುರಗಳ ಸೀಮೆಯ ಹೊಟ್ಟೆಯ ತುಂಬ ಅದೇ ಇದೆ. ಅದನ್ನು ನಂಬಿಯೇ ಈ ಭಾಗಕ್ಕೆ ಸಿಮೆಂಟಿನ ಕಾರಖಾನೆಗಳು ಬಂದುವು.

"ಸುಣ್ಣದ ಗೋಡೆಗೆ ಒರಗಿದರೆ ಬೆನ್ನು ಬೆಳ್ಳಗಾಗುತ್ತದೆ" ಎಂಬ ಆಕ್ಷೇಪವನ್ನು ನಾನು ಬಲ್ಲೆನು. ಅದು ಸುಣ್ಣದ ತಪ್ಪಲ್ಲ, ಅವಸರದ ತಪ್ಪು. ಅರಳಿದ ಸುಣ್ಣವನ್ನು ಕೆಲವು ದಿನ ನೀರಿನಲ್ಲಿ ನೆನೆಯಿಟ್ಟು ಸೋಸಿ, ತುಸು ಗೋಂದನ್ನಾಗಲಿ ಕೆನೆ ತೆಗೆದ ಹಾಲನ್ನಾಗಲಿ ಬೆರಸಿ, ಗೋಡೆಯನ್ನು ಮೊದಲು ತೋಯಿಸಿ, ಒಂದು ದಪ್ಪ ಕೈಯ ಬದಲು ಮೂರು ತೆಳು ಕೈಗಳನ್ನು ಬಳಿದರೆ ಆ ಕಾಟವು ಬಹಳ ಕಡಿಮೆಯಾಗುತ್ತದೆ. ಬಳಿಯುವವರು ಕಣ್ಣನ್ನು ಮಾತ್ರ ಕಾಪಾಡಿಕೊಳ್ಳಬೇಕು. ಸುಣ್ಣವು ಕಣ್ಣಿಗೆ ಬಿದ್ದರೆ ಅನಾಹುತವಾಗುತ್ತದೆ. ಬಣ್ಣವೇ ಬೇಕೆಂಬವರಿಗೆ ಕಾವಿ, ಹುರಮಂಜು, ನೀಲಿಗಳು ಇದ್ದೇ ಇವೆ. ನಗೆಯ ಸಂಗತಿಯೇನೆಂದರೆ, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 2021ರಲ್ಲಿ ಆಕಳ ಸೆಗಣಿಯಿಂದ ಮಾಡಿದ ಬಣ್ಣವನ್ನು ಡಬ್ಬಿಯಲ್ಲಿ ತುಂಬಿ ಪೇಟೆಗೆ ತಂದಿತು. ನಮ್ಮ ಅಜ್ಜಿಯರು ಸಾರಿಸುತ್ತಿದ್ದಾಗ ಅದು ಹಳ್ಳಿತನವಾಗಿತ್ತು. ಡಬ್ಬಿಯೊಳಗೆ ಬಂದಾಗ ನಾಗರಿಕತೆಯಾಯಿತು!

ಇಲ್ಲಿ ಒಂದು ನ್ಯಾಯವಾದ ಪ್ರತಿವಾದವುಂಟು. 2019ರ ಆಗಸ್ಟಿನಲ್ಲಿ ಕೃಷ್ಣೆ ಘಟಪ್ರಭೆಗಳು ಉಕ್ಕಿ ಬಂದಾಗ ಬಿದ್ದವು ಮಣ್ಣಿನ ಮನೆಗಳಲ್ಲವೇ? ಹೌದು. ದಿನಗಟ್ಟಲೆ ನಿಂತ ನೀರಿಗೆ ಮಣ್ಣು ತಾಳಲಾರದು. ನದಿಯ ದಂಡೆಯವರು ಹೊಸ ಮನೆಯನ್ನು ಗಟ್ಟಿ ಕಲ್ಲು-ಸಿಮೆಂಟುಗಳಿಂದ ಕಟ್ಟಿಕೊಂಡರೆ ನಾನು ಮೊದಲು ಕೈಮುಗಿಯುತ್ತೇನೆ. ಸಿಮೆಂಟಿನ ಮನೆಯು ಸಿಮೆಂಟಿನದಾಗಿಯೇ ಇರಲಿ. ಆದರೆ ಎತ್ತರದ ನೆಲದಲ್ಲಿ ನೂರು ವರ್ಷ ನಿಂತ ಗೋಡೆಗೆ ಸಿಮೆಂಟಿನ ಮುಖವಾಡವನ್ನು ತೊಡಿಸುವುದರಿಂದ ಅದು ಗಟ್ಟಿಯಾಗುವುದಿಲ್ಲ, ಒಳಗೊಳಗೇ ಕೊಳೆಯುತ್ತದೆ. ಬೆಳಕಿಂಡಿಯನ್ನು ಮುಚ್ಚಿ ತೊಲೆ-ಜಂತಿಗಳ ಕೆಳಗೆ ಜಿಪ್ಸಮ್ಮಿನ ಸುಳ್ಳು ಚಾವಣಿಯನ್ನು ತೂಗುಹಾಕುವುದೂ ಇದೇ ಬಗೆಯದು. ಹಗಲಿನಲ್ಲಿ ದೀಪ ಹಚ್ಚಿ, ಮೇಲೆ ಗೆದ್ದಲು ತಿನ್ನುತ್ತಿರುವುದನ್ನು ಕಾಣದೆ ಕುಳಿತುಕೊಳ್ಳುವುದಕ್ಕಾಗಿ ಹಣ ಕೊಟ್ಟಂತಾಯಿತು.

ಇನ್ನೊಂದು ಎಚ್ಚರಿಕೆಯನ್ನು ತಾಯಂದಿರಿಗೆ ಹೇಳಲೇಬೇಕು. ಬಾಗಿಲು ಕಿಟಕಿಗಳ ಹಳೆಯ ಎಣ್ಣೆಬಣ್ಣಗಳಲ್ಲಿ ಬಹುಮಟ್ಟಿಗೆ ಸೀಸವಿರುತ್ತಿತ್ತು. ಮನೆಗಳಿಗೆ ಹಚ್ಚುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸವಿರಕೂಡದೆಂದು ಭಾರತ ಸರಕಾರವು 2016ರಲ್ಲಿ ನಿಯಮ ಮಾಡಿತು. ಅದು 2017ರ ನವೆಂಬರದಿಂದ ಜಾರಿಗೆ ಬಂದಿತು. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದಂತೆಯೇ ಕೆರೆದರೆ ಆ ಧೂಳು ಮಕ್ಕಳ ಹೊಟ್ಟೆಗೆ ಹೋಗುತ್ತದೆ, ಸೀಸವು ಅವರ ಬುದ್ಧಿಯ ಬೆಳವಣಿಗೆಯನ್ನು ಕುಂದಿಸುತ್ತದೆ. ಒದ್ದೆ ಮಾಡಿ ಉಜ್ಜಿಸಿರಿ. ಆ ದಿನ ಮಕ್ಕಳನ್ನೂ ಬಸಿರಿಯರನ್ನೂ ಬೇರೆ ಮನೆಗೆ ಕಳುಹಿರಿ.

ಇನ್ನು ಪೀಠೋಪಕರಣಗಳು. ಇಲ್ಲಿಗೆ ಬಂದಾಗ ನನ್ನ ಮಾತು ಕಟುವಾದರೆ ವಾಚಕರು ಕ್ಷಮಿಸಬೇಕು. ನಮ್ಮ ಅನೇಕ ಪಡಸಾಲೆಗಳ ಸೋಫಾ, ಮಂಚ, ತಿಜೋರಿಗಳು ಬಂದುದು ಎಲ್ಲಿಂದ? ಸೊಸೆಯ ತಂದೆಯ ಮನೆಯಿಂದ. ವರದಕ್ಷಿಣೆಯ ನಿಷೇಧದ ಕಾನೂನು 1961ರಲ್ಲಿಯೇ ಆಗಿದೆ. ಆದರೆ ನಾವು ಜಾಣರು. ಅದನ್ನು "ಸಾಮಾನು" ಎಂದು ಕರೆಯುತ್ತೇವೆ. "ನಾವೇನೂ ಕೇಳಲಿಲ್ಲ, ಅವರ ಮಗಳಿಗೆ ಅವರು ಕೊಟ್ಟರು" ಎನ್ನುತ್ತೇವೆ. ಕೊಡುವ ತಂದೆಯು ಕಬ್ಬಿನ ಬಿಲ್ಲಿನ ಮೇಲೆ ಮುಂಗಡ ತೆಗೆದನೋ, ಮಗ್ಗವನ್ನು ಒತ್ತೆಯಿಟ್ಟನೋ ನಾವು ವಿಚಾರಿಸುವುದಿಲ್ಲ. ಆಕೆಯ ತಂದೆಯ ಸಾಲದಿಂದ ನಮ್ಮ ಪಡಸಾಲೆಯು ಹೊಸದಾಯಿತು. ಆ ಸಾಲದ ಮೇಲೆ ಬೀಗರನ್ನು ಕುಳ್ಳಿರಿಸಿದೆವು. ಚಹದ ತಟ್ಟೆಯನ್ನು ಹಿಡಿದು ಆಕೆಯು ಮಾತ್ರ ನಿಂತೇ ಇದ್ದಾಳೆ. ಇಂತಹ ಪಡಸಾಲೆಗೆ ಯಾವ ಕಂಪನಿಯ ಬಣ್ಣವನ್ನು ಹಚ್ಚಿದರೆ ಚೆಂದ ಕಂಡೀತು? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ತಿದ್ದಿಕೊಂಡಿದ್ದೇವೆ: ಬೀಗನ ಹಾಸಿಗೆ ಇದ್ದಷ್ಟು ನಮ್ಮ ಕಾಲು!

ರಬಕವಿ-ಬನಹಟ್ಟಿಯ ನೇಕಾರರ ಮನೆಯನ್ನು ನೋಡಿರಿ. ಅಲ್ಲಿ ಮನೆಯ ಮುಖ್ಯಸ್ಥಾನದಲ್ಲಿ ಕುಣಿಮಗ್ಗವೋ ವಿದ್ಯುನ್ಮಗ್ಗವೋ ಇರುತ್ತದೆ. ಮಂದಿ ಉಳಿದ ಸ್ಥಳದಲ್ಲಿರುತ್ತಾರೆ. ಮಗ್ಗವು ಅವರನ್ನು ಸಾಕುತ್ತದೆ, ಆದುದರಿಂದ ಅದಕ್ಕೆ ಅಗ್ರಪೀಠವು ಸಲ್ಲತಕ್ಕದ್ದೇ. ಸೋಫಾವು ಯಾರನ್ನು ಸಾಕುತ್ತದೆ? ನಮ್ಮದೇ ಜಿಲ್ಲೆಯಲ್ಲಿ ಸೀರೆ ನೆಯ್ಯುವ ಸಾವಿರಾರು ಕೈಗಳಿವೆ, ಗುಳೇದಗುಡ್ಡದ ಖಣವಿದೆ. ಸಮೀಪದ ನವಲಗುಂದದಲ್ಲಿ ಜಮಖಾನೆಯಿದೆ. ನಮ್ಮ ಕಿಟಕಿಗಳಿಗೆ ಮಾತ್ರ ಎಲ್ಲಿಯೋ ಆದ ನೈಲಾನಿನ ಪರದೆ! ನಮ್ಮ ಬಡಗಿಯು ಬೇವಿನಲ್ಲಿಯೋ ಜಾಲಿಯಲ್ಲಿಯೋ ಮಾಡಿಕೊಟ್ಟ ಬಾಕು ಕಾಲು ಮುರಿದರೆ ಅವನೇ ಬಂದು ಕೂಡಿಸುತ್ತಾನೆ. ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಯ ಕಪಾಟು ಒಮ್ಮೆ ನೀರು ಕುಡಿದು ಉಬ್ಬಿದರೆ ಅದನ್ನು ಬ್ರಹ್ಮನೂ ಕೂಡಿಸಲಾರನು. ಅದರ ಕಂತು ಮಾತ್ರ ಇನ್ನೂ ತೀರಿರುವುದಿಲ್ಲ.

ಬೀಳಗಿಯ ಕಡೆಯವರಿಂದ ನಾವು ಕಲಿಯತಕ್ಕದ್ದು ಬಹಳವಿದೆ. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟವರು ಹೋಗುವಾಗ ತಮ್ಮ ಮನೆಗಳನ್ನು ತಾವೇ ಬಿಚ್ಚಿಕೊಂಡು ಹೋದರು. ಏನನ್ನು ಒಯ್ದರು? ತೊಲೆ, ಕಂಬ, ಬಾಗಿಲ ಚೌಕಟ್ಟು. ಗೋಡೆಯ ಬಣ್ಣವನ್ನು ಯಾರೂ ಒಯ್ಯಲಿಲ್ಲ. ಆಣೆಕಟ್ಟಿನಲ್ಲಿ ಈಗ ನೀರು 519.60 ಮೀಟರಿನ ಮಟ್ಟಕ್ಕೆ ನಿಲ್ಲುತ್ತದೆ; ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣವು 2010ರಲ್ಲಿ ಒಪ್ಪಿಗೆಯಿತ್ತಿದೆ. ಆ ಗೆರೆಯೊಳಗಿನ ಹಳ್ಳಿಗಳ ಗೃಹಿಣಿಯು ಪ್ರತಿವರ್ಷ ಸುಣ್ಣದ ಗಡಿಗೆಯ ಮುಂದೆ ನಿಂತು, ಈ ಗೋಡೆ ನಮ್ಮದಾಗಿ ಎಷ್ಟು ದಿನ ಉಳಿದೀತೆಂದು ಯೋಚಿಸುತ್ತಾಳೆ; ಆದರೂ ಬಳಿಯುತ್ತಾಳೆ. ಆಕೆಯು ಬಳಿಯುವುದು ಬೀಗರಿಗಾಗಿ ಅಲ್ಲ. ಇದ್ದಷ್ಟು ದಿನ ತನ್ನ ಮಕ್ಕಳು ಚೊಕ್ಕಟವಾದ ಮನೆಯಲ್ಲಿರಲೆಂದು. ಮನೆಯನ್ನು ಹೊಸದು ಮಾಡುವ ನಿಜವಾದ ಅರ್ಥವನ್ನು ಬಲ್ಲವಳು ಆಕೆ.

ಸುಶಿಕ್ಷಿತ ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟೆ. ಈ ಸಲ ಬಣ್ಣದ ಪುಸ್ತಕವನ್ನು ತೆರೆಯುವ ಮೊದಲು ಮನೆಯವರನ್ನೆಲ್ಲ ಪಡಸಾಲೆಗೆ ಕರೆಯಿರಿ. ಓದುವ ಮಗಳಿಗೆ ಬೆಳಕು ಎಲ್ಲಿ ಬೇಕು, ಮೊಳಕಾಲು ನೋಯುವ ತಾಯಿಗೆ ಎಷ್ಟು ಎತ್ತರದ ಆಸನ ಬೇಕು, ಆಡುವ ಕೂಸಿಗೆ ಎಷ್ಟು ನೆಲ ಬೇಕು ಎಂಬುದನ್ನು ಅವರಿಂದಲೇ ಕೇಳಿರಿ. ಮುಚ್ಚಿದ ಬೆಳಕಿಂಡಿಯನ್ನು ತೆರೆಯಿಸಿರಿ. ಗೋಡೆಯ ಜಾತಿಯನ್ನು ನೋಡಿ ಬಣ್ಣವನ್ನು ಆರಿಸಿರಿ. ಕುಳಿತುಕೊಳ್ಳುವವರ ಜಾತಿಯನ್ನು ನೋಡುವುದನ್ನು ಬಿಡಿರಿ. ಸೊಸೆಯ ತವರಿನಿಂದ ಒಂದು ಮಣೆಯೂ ಬರಕೂಡದು. ಕೊಂಡ ಆಸನದ ಮೇಲೆ ಎಲ್ಲರಿಗಿಂತ ಮೊದಲು ಆಕೆಯನ್ನು ಕುಳ್ಳಿರಿಸಿರಿ.

ಅಷ್ಟಾದರೆ ಗೋಡೆಗೆ ಬರಿಯ ಸುಣ್ಣವಿದ್ದರೂ ಚಿಂತೆಯಿಲ್ಲ. ಬೀಗರು ಬಂದರೆ ಬರಲಿ. ಅವರಿಗೆ ಜಮಖಾನೆ ಹಾಸೋಣ.