ಆಪರೇಷನ್ ಆದ ತೋಳು ಮೊದಲಿಗಿಂತ ಜೋರಾಗಿ ಎಸೆಯುತ್ತದೆಯೇ?

ಅಮೆರಿಕದ ಬೇಸ್‌ಬಾಲ್ ಲೋಕದಲ್ಲಿ ಒಂದು ನಂಬಿಕೆ ಆಳವಾಗಿ ಬೇರೂರಿದೆ. ಚೆಂಡು ಎಸೆದೂ ಎಸೆದೂ ಮೊಣಕೈಯ ಲಿಗಮೆಂಟ್ ಹರಿದುಕೊಂಡ ಆಟಗಾರ 'ಟಾಮಿ ಜಾನ್' ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಮೊದಲಿಗಿಂತ ವೇಗವಾಗಿ ಎಸೆಯುತ್ತಾನಂತೆ! 2012ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಹೈಸ್ಕೂಲ್ ಆಟಗಾರರ ಪೈಕಿ 51%, ಪೋಷಕರ ಪೈಕಿ 37% ಹಾಗೂ ತರಬೇತುದಾರರ ಪೈಕಿ 30% ಜನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಗಾಯವೇ ಇಲ್ಲದ ಆಟಗಾರನಿಗೂ ಆಟ ಸುಧಾರಿಸಲು ಈ ಶಸ್ತ್ರಚಿಕಿತ್ಸೆ ಮಾಡಿಸಬಹುದು ಎಂಬುದು ಅವರ ಅಭಿಪ್ರಾಯವಾಗಿತ್ತು.

ನೋವೇ ಇಲ್ಲದ ಮಗುವಿನ ಮೊಣಕೈಯನ್ನು ಕೊಯ್ಯಿಸಲು ಸಿದ್ಧರಾಗುವಷ್ಟು ಬಲವಾದ ನಂಬಿಕೆ ಎಲ್ಲಿಂದ ಬಂತು? ಟಿವಿಯಲ್ಲಿ ಕಾಣುವ ತಾರೆಯರಿಂದ. ಅದರಲ್ಲೂ ಪಂದ್ಯದ ಕೊನೆಯಲ್ಲಿ ಬಂದು ಅತಿ ವೇಗದ ಎಸೆತಗಳಿಂದ ಗೆಲುವು ತಂದುಕೊಡುವ 'ಕ್ಲೋಸರ್'ಗಳಿಂದ. ಅಂಥವರು ಗಾಯಗೊಂಡರೆ ನಿಜಕ್ಕೂ ಏನಾಗುತ್ತದೆ, ಎಷ್ಟು ಮರಳಿ ಬರುತ್ತದೆ, ಎಷ್ಟು ಬರುವುದಿಲ್ಲ ಎಂಬುದನ್ನು ನೋಡೋಣ.

ಕ್ಲೋಸರ್ ಎಂದರೆ ಯಾರು?

ಬೇಸ್‌ಬಾಲ್ ಪಂದ್ಯದಲ್ಲಿ ಪ್ರತಿ ತಂಡಕ್ಕೂ ಒಂಬತ್ತು ಇನಿಂಗ್ಸ್. ನಮ್ಮ ಬೌಲರ್ ಇದ್ದಂತೆ ಅಲ್ಲಿ ಪಿಚರ್. ಪಂದ್ಯ ಆರಂಭಿಸಿದ ಪಿಚರ್ ದಣಿದ ಮೇಲೆ ಅವನ ಜಾಗಕ್ಕೆ ಬರುವವರು ರಿಲೀಫ್ ಪಿಚರ್‌ಗಳು. ಅವರಲ್ಲಿ ಒಂಬತ್ತನೇ ಇನಿಂಗ್ಸಿನಲ್ಲಿ ತಂಡದ ಮುನ್ನಡೆಯನ್ನು ಕಾಯುವವನೇ ಕ್ಲೋಸರ್. ಟಿ-20 ಪಂದ್ಯದ ಕೊನೆಯ ಓವರನ್ನು ಯಾರ ಕೈಗೆ ಕೊಡುತ್ತೇವೋ ಅಂಥ ಸ್ಥಾನ ಅದು. ಮೂರು ಅಥವಾ ಅದಕ್ಕಿಂತ ಕಡಿಮೆ ರನ್ನುಗಳ ಮುನ್ನಡೆ ಇದ್ದಾಗ ಬಂದು, ಇಡೀ ಒಂದು ಇನಿಂಗ್ಸ್ ಎಸೆದು, ಗೆಲುವು ಉಳಿಸಿಕೊಟ್ಟರೆ ಅವನ ಖಾತೆಗೆ ಒಂದು 'ಸೇವ್' ಸೇರುತ್ತದೆ. ಈ ಲೆಕ್ಕ 1969ರಿಂದ ಅಧಿಕೃತವಾಗಿದೆ.

ದಿನಕ್ಕೆ ಒಂದೇ ಇನಿಂಗ್ಸ್ ಎಂದರೆ ಹದಿನೈದು-ಇಪ್ಪತ್ತು ಎಸೆತ. ಹಾಗಾಗಿ ಇದು ಹಗುರವಾದ ಕೆಲಸ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಪಂದ್ಯ ಆರಂಭಿಸುವ ಪಿಚರ್‌ಗೆ ಒಮ್ಮೆ ಎಸೆದ ಮೇಲೆ ನಾಲ್ಕೈದು ದಿನ ಬಿಡುವು ಸಿಗುತ್ತದೆ. ಮುಂದಿನ ಸರದಿ ಎಂದು ಎಂಬುದೂ ಗೊತ್ತಿರುತ್ತದೆ. ಕ್ಲೋಸರ್‌ಗೆ ಇವೆರಡೂ ಇಲ್ಲ. ಇವತ್ತು ಎಸೆದವನು ನಾಳೆಯೂ ಎಸೆಯಬೇಕಾಗಬಹುದು, ಅದೂ ಪ್ರತಿ ಎಸೆತವನ್ನೂ ಪೂರ್ಣ ಬಲದಿಂದ. ಮೈ ಬಿಸಿ ಮಾಡಿಕೊಳ್ಳಲು ಎಸೆದ ಚೆಂಡುಗಳು ಯಾವ ಅಂಕಿಅಂಶದಲ್ಲೂ ಸೇರುವುದಿಲ್ಲ. ತೋಳು ಮಾತ್ರ ಅವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಹರಿಯುವುದು ಏನು?

ಮೊಣಕೈಯ ಒಳಬದಿಯಲ್ಲಿ, ಅಂದರೆ ಕಿರುಬೆರಳಿನ ಕಡೆ, ರಟ್ಟೆಯ ಮೂಳೆಯನ್ನೂ ಮುಂಗೈಯ ಮೂಳೆಯನ್ನೂ ಬಿಗಿದು ಹಿಡಿಯುವ ಒಂದು ಪಟ್ಟಿ ಇದೆ. ಅದೇ ಅಲ್ನಾರ್ ಕೊಲಾಟರಲ್ ಲಿಗಮೆಂಟ್. ಪಿಚರ್ ತೋಳನ್ನು ಹಿಂದಕ್ಕೆ ಮಡಚಿ ಮುಂದಕ್ಕೆ ಬೀಸುವಾಗ ಭುಜ ಸೆಕೆಂಡಿಗೆ ಸುಮಾರು 7,000 ಡಿಗ್ರಿ ವೇಗದಲ್ಲಿ ತಿರುಗುತ್ತದೆ. ಅದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ಸೆಕೆಂಡಿಗೆ ಹತ್ತೊಂಬತ್ತು ಸುತ್ತು ಆಗುತ್ತಿತ್ತು! ಆ ಬೀಸಿನಲ್ಲಿ ಮೊಣಕೈಯ ಒಳಬದಿ ಬಾಯಿ ತೆರೆಯುವಂತೆ ಎಳೆತಕ್ಕೆ ಸಿಗುತ್ತದೆ.

ಈ ಎಳೆತ ಸುಮಾರು 64 ನ್ಯೂಟನ್-ಮೀಟರ್‌ನಷ್ಟಿರುತ್ತದೆ ಎಂದು ಅಳತೆಗಳು ಹೇಳುತ್ತವೆ. ಮೊಣಕೈಯಿಂದ ಒಂದಡಿ ದೂರದಲ್ಲಿ ಇಪ್ಪತ್ತು ಕಿಲೋಗೂ ಹೆಚ್ಚಿನ ತೂಕ ಕಟ್ಟಿ, ಕೀಲನ್ನು ಪಕ್ಕಕ್ಕೆ ಬಾಗಿಸಲು ಜಗ್ಗಿದ ಹಾಗೆ. ಮೃತದೇಹಗಳಿಂದ ಪಡೆದ ಲಿಗಮೆಂಟುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಅವು ಇದರ ಸುಮಾರು ಅರ್ಧದಷ್ಟು ಬಲಕ್ಕೇ ಹರಿದವು. ಹಾಗಿದ್ದರೆ ಪ್ರತಿ ಎಸೆತಕ್ಕೂ ಮೊಣಕೈ ಏಕೆ ಹರಿಯುವುದಿಲ್ಲ? ಮುಂಗೈಯ ಸ್ನಾಯುಗಳು ಬಿಗಿಯಾಗಿ ನಿಂತು ಉಳಿದ ಹೊರೆಯನ್ನು ಹಂಚಿಕೊಳ್ಳುತ್ತವೆ. ಆ ಸ್ನಾಯುಗಳು ದಣಿದಾಗ ಹೊರೆಯೆಲ್ಲ ಲಿಗಮೆಂಟಿನ ಮೇಲೆ ಬೀಳುತ್ತದೆ. ಗಾಯದ ಮೂಲದಲ್ಲಿ ದಣಿವಿಗೆ ಇಷ್ಟು ಮಹತ್ವ ಬಂದಿರುವುದು ಇದರಿಂದಲೇ.

ಕ್ರಿಕೆಟ್ ಬೌಲರ್‌ಗಳಲ್ಲಿ ಈ ಗಾಯ ಅಪರೂಪ. ಮೊಣಕೈಯನ್ನು 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾಗಿಸಿದರೆ ಅದು ಬೌಲಿಂಗ್ ಅಲ್ಲ, ಎಸೆತ ಎನ್ನುವುದು ಕ್ರಿಕೆಟ್ ನಿಯಮ. ಹಾಗಾಗಿ ಅಲ್ಲಿ ಹೊರೆ ಬೀಳುವುದು ಹೆಚ್ಚಾಗಿ ಸೊಂಟದ ಮೇಲಿನ ಬೆನ್ನುಮೂಳೆ ಹಾಗೂ ಭುಜದ ಮೇಲೆ. ನಮ್ಮ ಜಾವಗಲ್ ಶ್ರೀನಾಥ್ 1997ರಲ್ಲಿ ತಿಂಗಳುಗಟ್ಟಲೆ ಆಟದಿಂದ ಹೊರಗುಳಿದದ್ದು ಭುಜದ ಗಾಯದಿಂದ.

ಟಾಮಿ ಜಾನ್ ಎಂಬ ಹೆಸರು

ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಎಡಗೈ ಪಿಚರ್ ಟಾಮಿ ಜಾನ್‌ಗೆ 1974ರ ಜುಲೈನಲ್ಲಿ ಈ ಲಿಗಮೆಂಟ್ ಹರಿಯಿತು. ಅಲ್ಲಿಯವರೆಗೆ ಅದರ ಅರ್ಥ ಒಂದೇ ಆಗಿತ್ತು: ಆಟ ಮುಗಿಯಿತು. ಆ ವರ್ಷದ ಸೆಪ್ಟೆಂಬರ್ 25ರಂದು ವೈದ್ಯ ಫ್ರಾಂಕ್ ಜೋಬ್ ಹೊಸದೊಂದು ಪ್ರಯತ್ನಕ್ಕೆ ಕೈಹಾಕಿದರು. ಜಾನ್‌ರ ಬಲಗೈಯ ಮುಂಗೈಯಿಂದ ಒಂದು ಸ್ನಾಯುರಜ್ಜು ತೆಗೆದು, ಎಡ ಮೊಣಕೈಯ ಎರಡೂ ಮೂಳೆಗಳಲ್ಲಿ ರಂಧ್ರ ಕೊರೆದು, ದಾರ ಪೋಣಿಸಿದಂತೆ ಪೋಣಿಸಿ ಕಟ್ಟಿದರು. 1975ರ ಋತು ಪೂರ್ತಿ ಹೋಯಿತು. 1976ರಲ್ಲಿ ಮರಳಿದ ಜಾನ್ 1989ರವರೆಗೂ ಆಡಿದರು. ಅವರ ಒಟ್ಟು 288 ಗೆಲುವುಗಳಲ್ಲಿ 164 ಬಂದದ್ದು ಶಸ್ತ್ರಚಿಕಿತ್ಸೆಯ ನಂತರ.

ಆ ಸ್ನಾಯುರಜ್ಜು ನಿಮ್ಮಲ್ಲೂ ಇದೆಯೇ ನೋಡಿಕೊಳ್ಳಬಹುದು. ಹೆಬ್ಬೆರಳು ಮತ್ತು ಕಿರುಬೆರಳಿನ ತುದಿಗಳನ್ನು ಕೂಡಿಸಿ ಮಣಿಕಟ್ಟನ್ನು ಸ್ವಲ್ಪ ಒಳಗೆ ಬಾಗಿಸಿ. ಮಣಿಕಟ್ಟಿನ ನಡುವೆ ಹುರಿಯಂತೆ ಎದ್ದು ಕಾಣುವುದೇ ಅದು. ಕೆಲವರಲ್ಲಿ ಅದು ಹುಟ್ಟಿನಿಂದಲೇ ಇರುವುದಿಲ್ಲ. ಅದರಿಂದ ಅವರಿಗೆ ತೊಂದರೆಯೇನೂ ಇಲ್ಲ. ಹಾಗಾಗಿಯೇ ವೈದ್ಯರು ಅದನ್ನು ಧೈರ್ಯವಾಗಿ ತೆಗೆಯುತ್ತಾರೆ.

ಒಂದು ವರ್ಷ ಏಕೆ ಬೇಕು?

ಕಸಿ ಮಾಡಿದ ಸ್ನಾಯುರಜ್ಜು ಮರುದಿನದಿಂದಲೇ ಲಿಗಮೆಂಟ್ ಆಗಿಬಿಡುವುದಿಲ್ಲ. ಮೊದಲಿಗೆ ಅದಕ್ಕೆ ರಕ್ತಪೂರೈಕೆಯೇ ಇರುವುದಿಲ್ಲ. ಅದರ ಹಳೆಯ ಜೀವಕೋಶಗಳು ಸಾಯುತ್ತವೆ, ಸುತ್ತಲಿನಿಂದ ಹೊಸ ರಕ್ತನಾಳಗಳೂ ಜೀವಕೋಶಗಳೂ ಒಳಬರುತ್ತವೆ, ಕೊಲಾಜೆನ್ ಎಳೆಗಳು ಹೊಸ ಕೆಲಸಕ್ಕೆ ತಕ್ಕಂತೆ ಮರುಜೋಡಣೆಯಾಗುತ್ತವೆ. ಇದಕ್ಕೆ ಹಲವು ತಿಂಗಳು ಬೇಕು. ಹಣ ಸುರಿದರೂ ಹಠ ಹಿಡಿದರೂ ಈ ಅವಧಿ ಹೆಚ್ಚೇನೂ ಕಡಿಮೆಯಾಗದು.

ಸಾಮಾನ್ಯವಾಗಿ ನಾಲ್ಕೈದು ತಿಂಗಳಾದ ಮೇಲೆ ಹತ್ತಿರದ ದೂರಕ್ಕೆ ಮೆಲ್ಲಗೆ ಎಸೆಯುವುದು ಶುರು. ಪಿಚರ್ ನಿಲ್ಲುವ ದಿಬ್ಬದಿಂದ ಎಸೆಯುವ ಹೊತ್ತಿಗೆ ಎಂಟೊಂಬತ್ತು ತಿಂಗಳು. ಪಂದ್ಯಕ್ಕೆ ಮರಳಲು ಒಂದರಿಂದ ಒಂದೂವರೆ ವರ್ಷ. ಉನ್ನತ ಮಟ್ಟದಲ್ಲಿ ಇನ್ನೂ ಹೆಚ್ಚು: 179 ಮೇಜರ್ ಲೀಗ್ ಪಿಚರ್‌ಗಳ ಮೇಲಿನ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 83% ಜನ ಮೇಜರ್ ಲೀಗ್‌ಗೆ ಮರಳಿದ್ದರು, ಆದರೆ ಅದಕ್ಕೆ ಸರಾಸರಿ 20 ತಿಂಗಳು ಹಿಡಿದಿತ್ತು.

ತೋಳು ಮರಳಿದರೆ ಜಾಗವೂ ಮರಳುತ್ತದೆಯೇ?

83% ಎಂಬುದು ಒಳ್ಳೆಯ ಸಂಖ್ಯೆಯೇ. ಆದರೆ ಅದು ಹೇಳುವುದು ಮೈದಾನಕ್ಕೆ ಮರಳಿದ ಬಗ್ಗೆ ಮಾತ್ರ. ಒಂಬತ್ತನೇ ಇನಿಂಗ್ಸ್ ಮತ್ತೆ ಸಿಕ್ಕಿತೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಅದಕ್ಕೆ ಜೋ ನೇಥನ್ ಅವರ ಉದಾಹರಣೆ ನೋಡಬಹುದು.

ಮಿನ್ನೆಸೋಟ ಟ್ವಿನ್ಸ್ ತಂಡದ ಕ್ಲೋಸರ್ ಆಗಿದ್ದ ನೇಥನ್ 2009ರಲ್ಲಿ 47 ಸೇವ್ ಗಳಿಸಿದ್ದರು. 2010ರ ಮಾರ್ಚ್‌ನಲ್ಲಿ, 35ನೇ ವಯಸ್ಸಿನಲ್ಲಿ, ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆಯಿತು. ಅವರಿಲ್ಲದ ಆ ವರ್ಷ ತಂಡ ಮ್ಯಾಟ್ ಕ್ಯಾಪ್ಸ್ ಎಂಬ ಇನ್ನೊಬ್ಬ ಕ್ಲೋಸರ್‌ನನ್ನು ತಂದುಕೊಂಡಿತು. 2011ರಲ್ಲಿ ಮರಳಿದ ನೇಥನ್‌ಗೆ ಹಳೆಯ ಜಾಗವನ್ನೇ ಕೊಟ್ಟರು. ಆದರೆ ಏಪ್ರಿಲ್‌ನಲ್ಲೇ ಕೈಯಲ್ಲಿದ್ದ ಮುನ್ನಡೆಗಳು ಜಾರಿದವು, ಜವಾಬ್ದಾರಿ ಕ್ಯಾಪ್ಸ್ ಪಾಲಾಯಿತು. ವರ್ಷದ ಮಧ್ಯದಲ್ಲಿ ನೇಥನ್ ಅದನ್ನು ಮರಳಿ ಪಡೆದರೂ ಋತುವಿನ ಕೊನೆಯಲ್ಲಿ ಲೆಕ್ಕ 14 ಸೇವ್ ಮಾತ್ರ. ಪ್ರತಿ ಒಂಬತ್ತು ಇನಿಂಗ್ಸಿಗೆ ಬಿಟ್ಟುಕೊಟ್ಟ ರನ್ನಿನ ಸರಾಸರಿ 4.84, ಕ್ಲೋಸರ್‌ಗೆ ಇದು ಕೆಟ್ಟ ಅಂಕಿ.

ಅಲ್ಲಿಗೇ ನಿಲ್ಲಿಸಿದ್ದರೆ 'ಅವನ ಕಥೆ ಮುಗಿಯಿತು' ಎಂದೇ ಎಲ್ಲರೂ ಹೇಳುತ್ತಿದ್ದರು. ಆದರೆ ಟೆಕ್ಸಸ್ ರೇಂಜರ್ಸ್ ತಂಡ ಸೇರಿದ ನೇಥನ್ 2012ರಲ್ಲಿ 37 ಸೇವ್, 2013ರಲ್ಲಿ 43 ಸೇವ್ ಗಳಿಸಿದರು. ಆ ವರ್ಷ ರನ್ನಿನ ಸರಾಸರಿ 1.39ಕ್ಕೆ ಇಳಿಯಿತು. ಮರಳಿದ ಮೊದಲ ವರ್ಷವನ್ನು ನೋಡಿ ತೀರ್ಪು ಕೊಡಬಾರದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ. ವೇಗಕ್ಕಿಂತ ನಿಧಾನವಾಗಿ ಮರಳುವುದು ಚೆಂಡನ್ನು ಬೇಕಾದ ಜಾಗಕ್ಕೆ ಹಾಕುವ ಹಿಡಿತ. ಸಾಲಾಗಿ ಎರಡು ದಿನ ಎಸೆದು ಮೂರನೇ ದಿನವೂ ಸಿದ್ಧವಾಗಿರುವ ಸಹನಶಕ್ತಿಯೂ ಹಾಗೆಯೇ.

ಕಥೆಗೆ ಇನ್ನೊಂದು ತುದಿಯೂ ಇದೆ. 2015ರ ಏಪ್ರಿಲ್‌ನಲ್ಲಿ, 40ನೇ ವಯಸ್ಸಿನಲ್ಲಿ, ನೇಥನ್‌ರ ಮೊಣಕೈ ಮತ್ತೆ ಹರಿದು ಎರಡನೇ ಶಸ್ತ್ರಚಿಕಿತ್ಸೆ ಆಯಿತು. 2016ರಲ್ಲಿ ಕೆಲವೇ ಪಂದ್ಯಗಳನ್ನು ಆಡಿ, ಒಟ್ಟು 377 ಸೇವ್‌ಗಳೊಂದಿಗೆ ಅವರು ಆಟ ನಿಲ್ಲಿಸಿದರು. ಹೊಸ ಲಿಗಮೆಂಟ್ ಚಿರಾಯುವಲ್ಲ.

ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ತಂಡದ ಕ್ಲೋಸರ್ ಬ್ರಯಾನ್ ವಿಲ್ಸನ್‌ರದು ಬೇರೆಯೇ ಪಾಠ. 2012ರಲ್ಲಿ ಅವರಿಗೆ ಎರಡನೇ ಬಾರಿ ಈ ಶಸ್ತ್ರಚಿಕಿತ್ಸೆ ಆಯಿತು. 2013ರಲ್ಲಿ ಡಾಡ್ಜರ್ಸ್ ಪರ ಮರಳಿ ಎಸೆದ 13 ಚಿಲ್ಲರೆ ಇನಿಂಗ್ಸ್‌ಗಳಲ್ಲಿ ಸರಾಸರಿ 0.66! ತೋಳು ಕೆಲಸ ಮಾಡುತ್ತಿತ್ತು. ಆದರೆ ಆ ತಂಡದ ಒಂಬತ್ತನೇ ಇನಿಂಗ್ಸ್ ಕೆನ್ಲಿ ಜಾನ್ಸನ್ ಕೈಯಲ್ಲಿತ್ತು. ವಿಲ್ಸನ್ ಎಂಟನೇ ಇನಿಂಗ್ಸಿನ ಪಿಚರ್ ಆಗಿಯೇ ಉಳಿದರು. ತೋಳು ವಾಸಿಯಾಗುವುದು ದೇಹದ ಕೆಲಸ. ಜಾಗ ಸಿಗುವುದು ತಂಡದಲ್ಲಿ ಆ ಜಾಗ ಖಾಲಿ ಇದೆಯೇ ಎಂಬುದರ ಮೇಲೆ.

ಇತ್ತೀಚಿನ ಉದಾಹರಣೆ ಬಾಲ್ಟಿಮೋರ್ ಓರಿಯೋಲ್ಸ್‌ನ ಫೆಲಿಕ್ಸ್ ಬಟಿಸ್ಟಾ. 2023ರಲ್ಲಿ 33 ಸೇವ್, ಸರಾಸರಿ 1.48, ಅಕ್ಟೋಬರ್‌ನಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ. 2024 ಪೂರ್ತಿ ಇಲ್ಲ. 2025ರಲ್ಲಿ ಮರಳಿ 19 ಸೇವ್ ಗಳಿಸುವಷ್ಟರಲ್ಲಿ ಅದೇ ತೋಳಿನ ಭುಜ ಕೈಕೊಟ್ಟು, ಆಗಸ್ಟ್‌ನಲ್ಲಿ ಮತ್ತೆ ಶಸ್ತ್ರಚಿಕಿತ್ಸೆ. ಮೊಣಕೈ ಸರಿಹೋಯಿತು ಎಂದರೆ ಇಡೀ ತೋಳು ಹೊಸದಾಯಿತು ಎಂದಲ್ಲ.

ಹಾಗಾದರೆ 'ವೇಗ ಹೆಚ್ಚಿತು' ಎಂದು ಅನಿಸುವುದೇಕೆ?

ಕೆಲವರು ಶಸ್ತ್ರಚಿಕಿತ್ಸೆಯ ನಂತರ ನಿಜಕ್ಕೂ ಜೋರಾಗಿ ಎಸೆಯುತ್ತಾರೆ. ಆದರೆ ಅದರ ಶ್ರೇಯಸ್ಸು ಹೊಸ ಲಿಗಮೆಂಟಿನದಲ್ಲ. ಲಿಗಮೆಂಟ್ ಒಂದು ಕಟ್ಟು ಮಾತ್ರ; ಚೆಂಡಿಗೆ ವೇಗ ಕೊಡುವುದು ಕಾಲು, ಸೊಂಟ, ಭುಜಗಳ ಸ್ನಾಯುಗಳು. ಆಟವಿಲ್ಲದ ಒಂದು ವರ್ಷ ಪೂರ್ತಿ ಆಟಗಾರ ಆ ಸ್ನಾಯುಗಳನ್ನೇ ಬಲಪಡಿಸುತ್ತಾನೆ, ಎಸೆಯುವ ಕ್ರಮದ ತಪ್ಪು ತಿದ್ದಿಕೊಳ್ಳುತ್ತಾನೆ. ಶಸ್ತ್ರಚಿಕಿತ್ಸೆಗೆ ಮುಂಚೆ ಅರೆಹರಿದ ಲಿಗಮೆಂಟಿನಲ್ಲಿ ಎಸೆಯುತ್ತಿದ್ದರಿಂದ ವೇಗ ಆಗಲೇ ಕುಗ್ಗಿರುತ್ತದೆ. ಅದಕ್ಕೆ ಹೋಲಿಸಿದರೆ ಈಗಿನದು ಹೆಚ್ಚು. ಹದಿನೇಳರ ಹುಡುಗ ಹತ್ತೊಂಬತ್ತಕ್ಕೆ ಬರುವಷ್ಟರಲ್ಲಿ ಮೈ ಬೆಳೆದು ಹೇಗೂ ಜೋರಾಗಿ ಎಸೆಯುತ್ತಾನೆ. ಇದೆಲ್ಲದರ ಜೊತೆ, ಮರಳಿ ಬಂದವರು ಮಾತ್ರ ಟಿವಿಯಲ್ಲಿ ಕಾಣುತ್ತಾರೆ. ಬಾರದವರ ಹೆಸರು ಮರೆತುಹೋಗುತ್ತದೆ.

ಮಕ್ಕಳ ಮೊಣಕೈ

ಈ ತಪ್ಪು ನಂಬಿಕೆಯ ಬೆಲೆ ತೆರುವವರು ಕೋಟ್ಯಧೀಶ ಕ್ಲೋಸರ್‌ಗಳಲ್ಲ. ಅಮೆರಿಕದ ವಿಮಾ ದಾಖಲೆಗಳ ಒಂದು ಅಧ್ಯಯನದ ಪ್ರಕಾರ 2007ರಿಂದ 2011ರ ನಡುವೆ ನಡೆದ ಟಾಮಿ ಜಾನ್ ಶಸ್ತ್ರಚಿಕಿತ್ಸೆಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು 57%, ಆದದ್ದು 15ರಿಂದ 19 ವರ್ಷದವರಿಗೆ. ವರ್ಷಕ್ಕೆ 100 ಇನಿಂಗ್ಸ್‌ಗಿಂತ ಹೆಚ್ಚು ಎಸೆಯುವ ಮಕ್ಕಳಿಗೆ ಗಂಭೀರ ಗಾಯದ ಸಾಧ್ಯತೆ ಮೂರೂವರೆ ಪಟ್ಟು ಹೆಚ್ಚು ಎಂಬುದು 2011ರ ಇನ್ನೊಂದು ಅಧ್ಯಯನದಿಂದ ತಿಳಿಯಿತು. ಹಾಗಾಗಿಯೇ ಅಲ್ಲಿ ವಯಸ್ಸಿಗೆ ತಕ್ಕ ಮಿತಿ ಹಾಕಿದ್ದಾರೆ: 9-10 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 75 ಎಸೆತ, 11-12ರವರಿಗೆ 85, 17-18ರವರಿಗೆ 105. ಎಸೆದಷ್ಟಕ್ಕೂ ತಕ್ಕಂತೆ ಬಿಡುವಿನ ದಿನಗಳೂ ಕಡ್ಡಾಯ.

ಆಟ ಬೇರೆಯಾದರೂ ಈ ಲೆಕ್ಕ ನಮ್ಮೂರಿನ ಕ್ರಿಕೆಟ್ ಶಿಬಿರಗಳಿಗೂ ಅನ್ವಯಿಸುತ್ತದೆ. ಬೆಳಿಗ್ಗೆ ಶಾಲಾ ತಂಡ, ಸಂಜೆ ಅಕಾಡೆಮಿ, ಭಾನುವಾರ ಟೂರ್ನಿ ಎಂದು ಓಡಾಡುವ ಪುಟ್ಟ ವೇಗದ ಬೌಲರ್ ವಾರಕ್ಕೆ ಒಟ್ಟು ಎಷ್ಟು ಚೆಂಡು ಹಾಕಿದ ಎಂಬುದು ಹಲವು ಸಲ ಯಾರಿಗೂ ಗೊತ್ತಿರುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಸಾಕು. ಮಗು ಕೈನೋವು, ಬೆನ್ನುನೋವು ಎಂದರೆ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ನೋವಿನ ಮಾತ್ರೆ ಕೊಟ್ಟು ಮತ್ತೆ ಮೈದಾನಕ್ಕೆ ಕಳಿಸಬೇಡಿ.

ಟಾಮಿ ಜಾನ್ ಶಸ್ತ್ರಚಿಕಿತ್ಸೆ ಹರಿದ ಲಿಗಮೆಂಟಿಗೆ ಸಿಕ್ಕಿರುವ ಅತ್ಯುತ್ತಮ ದುರಸ್ತಿಗಳಲ್ಲಿ ಒಂದು. ಆದರೆ ದುರಸ್ತಿ ಎಂದಿಗೂ ದುರಸ್ತಿಯೇ. ಹರಿಯದೆ ಉಳಿದ, ಹುಟ್ಟಿನಿಂದ ಬಂದ ಲಿಗಮೆಂಟಿಗಿಂತ ಒಳ್ಳೆಯದನ್ನು ಯಾವ ಶಸ್ತ್ರವೈದ್ಯರೂ ಇದುವರೆಗೆ ಕಟ್ಟಿಲ್ಲ.