ಎರಡನೆಯ ಸಲದ ಪರದೇಶ ಯಾತ್ರೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಒಳ್ಳೆಯ ಪುಸ್ತಕವನ್ನು ಎರಡನೆಯ ಸಲ ಓದುವ ಬಗೆಯೇ ಬೇರೆ ಎಂಬುದು ಓದುವ ಅಭ್ಯಾಸವುಳ್ಳವರಿಗೆಲ್ಲ ತಿಳಿದದ್ದೇ. ಮೊದಲ ಓದಿನಲ್ಲಿ ಮುಂದೇನಾಯಿತೆಂಬ ಆತುರ. ಎರಡನೆಯದರಲ್ಲಿ ಮೆಚ್ಚಿದ ಪುಟದಲ್ಲಿ ನಿಲ್ಲುವ ಬಿಡುವು. ಆದರೆ ಒಮ್ಮೆ ನೋಡಿ ಬಂದ ದೇಶಕ್ಕೆ ಮತ್ತೆ ಹೊರಡುವವರು ಈ ವಿವೇಕವನ್ನು ಮನೆಯಲ್ಲಿಯೇ ಬಿಟ್ಟು ಹೋಗುವುದುಂಟು. ಕಳೆದ ಸಲ ತಪ್ಪಿಹೋದ ಊರುಗಳ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು, ಕಳೆದ ಸಲದ ಆತುರದಿಂದಲೇ ಓಡುತ್ತಾರೆ.

ಈ ವಿಷಯ ಇಂದಿನ ಅಂಕಣಕ್ಕೆ ಒದಗಿದ್ದು ಕೃಷ್ಣರಾಜನಗರದ ಆಚೆಗಿರುವ ಭೇರ್ಯದಿಂದ. ಅಲ್ಲಿ ನೆಲೆಸಿರುವ ನಮ್ಮ ದೊಡ್ಡಪ್ಪನವರು ಮೇಷ್ಟ್ರಾಗಿದ್ದು ನಿವೃತ್ತರಾದವರು. ಕೆಲವು ವರ್ಷಗಳ ಹಿಂದೆ ಅವರೂ ದೊಡ್ಡಮ್ಮನೂ ಒಂದು ತಂಡದೊಡನೆ ಯೂರೋಪಿಗೆ ಹೋಗಿ, ಹನ್ನೆರಡು ದಿನದಲ್ಲಿ ಏಳು ದೇಶಗಳನ್ನು ನೋಡಿ ಬಂದರು. ಈಗ ಇನ್ನೊಮ್ಮೆ ಹೋಗುವ ಯೋಚನೆ. ಕೂಡಿಟ್ಟ ಹಣ ಒಂದು ಯಾತ್ರೆಗೆ ಸಾಕು, ಎರಡಕ್ಕೆ ಸಾಲದು. ದೊಡ್ಡಮ್ಮನ ಮಂಡಿಯ ಮಾತೂ ಅಷ್ಟೇ. ಇದೇ ಕೊನೆಯ ಯಾತ್ರೆಯೆಂಬುದು ಇಬ್ಬರಿಗೂ ಗೊತ್ತು; ಇಬ್ಬರೂ ಅದನ್ನು ಬಾಯಿಬಿಟ್ಟು ಆಡುವುದಿಲ್ಲ.

ದೊಡ್ಡಪ್ಪನವರ ಪಟ್ಟಿಯಲ್ಲಿ ಒಂಬತ್ತು ನಗರಗಳಿದ್ದವು. ದೊಡ್ಡಮ್ಮನ ಬಳಿ ಪಟ್ಟಿಯಿರಲಿಲ್ಲ. ಕೇಳಿದ್ದಕ್ಕೆ, “ಹೋದ ಸಲ ನಾವು ದೇಶ ನೋಡಲಿಲ್ಲ ಕಣಪ್ಪ, ಬಸ್ಸು ನೋಡಿದೆವು” ಎಂದರು. ಸ್ವಿಟ್ಜರ್ಲೆಂಡಿನಲ್ಲಿ ಯುಂಗ್‌ಫ್ರಾವ್ ಶಿಖರದ ಕಡೆಯಿಂದ ಇಳಿದು ಬರುವಾಗ ರೈಲು ಒಂದು ಚಿಕ್ಕ ನಿಲ್ದಾಣದಲ್ಲಿ ನಿಂತಿತಂತೆ. ಹೆಂಗಸೊಬ್ಬಳು ಬಟ್ಟೆ ಹರವುತ್ತಿದ್ದಳು, ಪಕ್ಕದಲ್ಲಿ ಒಂದು ಮರದ ಬೆಂಚು. “ಅಲ್ಲಿ ಇಳಿದು ಒಂದು ಗಳಿಗೆ ಕೂತುಕೊಳ್ಳಬೇಕು ಅನ್ನಿಸಿತು. ಬಿಡಲಿಲ್ಲ.” ಅವರ ಬಯಕೆ ಇಷ್ಟೇ.

ಒಂಬತ್ತು ನಗರಗಳ ಪಟ್ಟಿಗೂ ಒಂದು ಬೆಂಚಿಗೂ ಹೊಂದಾಣಿಕೆ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಆಗ ನಾವು ಹಾಕಿದ ಲೆಕ್ಕಾಚಾರವನ್ನು ಇಲ್ಲಿ ಮುಂದಿಡುತ್ತೇನೆ; ಮಗನ ಮನೆಗೋ ಮಗಳ ಬಾಣಂತನಕ್ಕೋ ಒಮ್ಮೆ ಪರದೇಶ ಕಂಡು, ಮತ್ತೆ ಹೊರಡಲಿರುವ ಅನೇಕ ಕುಟುಂಬಗಳಿಗೆ ಉಪಯೋಗವಾದೀತು.

ಮೊದಲನೆಯ ಮಾತು: ರೈಲನ್ನು ಊರಿಗೆ ಮುಟ್ಟಿಸುವ ಸಾಧನವೆಂದು ಭಾವಿಸದೆ, ನೋಡಬೇಕಾದ ಸ್ಥಳವೆಂದೇ ಭಾವಿಸಬೇಕು. “ರೈಲು ನೋಡುವುದಕ್ಕೆ ಅಷ್ಟು ದೂರ ಹೋಗಬೇಕೇನಯ್ಯ? ಕೃಷ್ಣರಾಜನಗರದಲ್ಲಿ ಇಲ್ಲವೆ?” ಎಂದು ದೊಡ್ಡಪ್ಪನವರು ನಕ್ಕರು. ಇದೆ, ಅದೇ ನನ್ನ ವಾದಕ್ಕೆ ಆಧಾರ. ಕೃಷ್ಣರಾಜನಗರದಿಂದ ಮೈಸೂರಿಗೆ ಹೋಗುವ ಗಾಡಿ ಸಾಗರಕಟ್ಟೆಯ ಬಳಿ ಕನ್ನಂಬಾಡಿಯ ಹಿನ್ನೀರನ್ನು ದಾಟುವಾಗ, ನೂರಾರು ಸಲ ಆ ದಾರಿಯಲ್ಲಿ ಓಡಾಡಿದ ದೊಡ್ಡಪ್ಪನವರೂ ಪತ್ರಿಕೆಯನ್ನು ಮಡಿಸಿ ಹೊರಗೆ ನೋಡುತ್ತಾರೆ. ಕೂತಲ್ಲಿಗೇ ನೋಟ ಬರುತ್ತದೆ. ಮೆಟ್ಟಿಲು ಹತ್ತಬೇಕಿಲ್ಲ, ಬಾವುಟ ಹಿಡಿದವನ ಹಿಂದೆ ಓಡಬೇಕಿಲ್ಲ. ನೋಯುವ ಮಂಡಿಗೆ ಇದಕ್ಕಿಂತ ಅನುಕೂಲವಾದ ವಿಹಾರ ಯಾವುದಿದೆ?

ಸ್ವಿಟ್ಜರ್ಲೆಂಡಿಗೇ ಮತ್ತೆ ಹೋಗುವುದಾದರೆ, ಆ ದೇಶದ ಆಗ್ನೇಯ ಮೂಲೆಯನ್ನು ಆರಿಸಿಕೊಳ್ಳಬಹುದೆಂದು ನಾನು ಸೂಚಿಸಿದೆ. ನಮ್ಮವರು ಮುಗಿಬೀಳುವ ಯುಂಗ್‌ಫ್ರಾವ್‌ಯೋಖ್ 3454 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ರೈಲು 1912ರಲ್ಲಿ ಮುಟ್ಟಿತು. ನೋಡಬೇಕಾದದ್ದೇ, ಆದರೆ ನೋಡಿಯಾಯಿತು. ಆಗ್ನೇಯದಲ್ಲಿ ಆಲ್ಬುಲಾ ಮತ್ತು ಬರ್ನೀನಾ ಎಂಬ ಎರಡು ದಾರಿಗಳು ಕೂಡುತ್ತವೆ. ಇವನ್ನು 2008ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಲಾಂಡ್‌ವಾಸರ್ ಸೇತುವೆಯಲ್ಲಿ ರೈಲು 65 ಮೀಟರ್ ಎತ್ತರದ ಕಲ್ಲುಕಮಾನುಗಳ ಮೇಲೆ ಬಾಗಿ, ಎದುರಿನ ಬಂಡೆಯೊಳಗೆ ನೇರವಾಗಿ ನುಗ್ಗುತ್ತದೆ. ಬೆರ್ಗ್ಯುನ್ ಎಂಬ ಹಳ್ಳಿಯಿಂದ ಪ್ರೇದಾ ಎಂಬ ಹಳ್ಳಿಗೆ ಏರಬೇಕಾದ ಎತ್ತರ ಸುಮಾರು 400 ಮೀಟರು; ಅದಕ್ಕಾಗಿ ಹಳಿ ಸುತ್ತಿಸುತ್ತಿ ತನ್ನ ಉದ್ದವನ್ನು ನೇರ ದೂರದ ಹೆಚ್ಚುಕಡಿಮೆ ಇಮ್ಮಡಿ ಮಾಡಿಕೊಂಡಿದೆ. ಕಿಟಕಿಯಲ್ಲಿ ಒಂದೇ ಹಳ್ಳಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಪ್ರತಿಸಲವೂ ಇನ್ನಷ್ಟು ಕೆಳಗೆ ಕಾಣುತ್ತದೆ.

ಮೈಸೂರಿನವರಿಗೆ ಇದನ್ನು ತಿಳಿಸಲು ನೀಲಗಿರಿಯ ಹೋಲಿಕೆ ಸಾಕು. ಮೇಟ್ಟುಪಾಳಯದಿಂದ ಊಟಿಗೆ ಏರುವ ಗಾಡಿ ಕೂನೂರಿನವರೆಗೆ ಹಳಿಗಳ ನಡುವಣ ಹಲ್ಲುಪಟ್ಟಿಯನ್ನು ಕಚ್ಚಿಕೊಂಡು ಸಾಗುತ್ತದೆ. ಆ ಪದ್ಧತಿಯನ್ನು ರೂಪಿಸಿದ ರೋಮನ್ ಆಬ್ಟ್ ಸ್ವಿಟ್ಜರ್ಲೆಂಡಿನವನೇ. ಅಲ್ಲಿನ ಏರು ಹನ್ನೆರಡಕ್ಕೆ ಒಂದು. ಬರ್ನೀನಾ ದಾರಿಯ ಕಡಿದಾದ ಏರು ಸುಮಾರು ಹದಿನಾಲ್ಕಕ್ಕೆ ಒಂದು. ಆದರೂ ಅಲ್ಲಿ ಹಲ್ಲುಪಟ್ಟಿಯಿಲ್ಲ, ಬರಿಯ ಚಕ್ರದ ಹಿಡಿತದಿಂದಲೇ ಗಾಡಿ 2253 ಮೀಟರಿನ ಕಣಿವೆದಾರಿಯನ್ನು ಏರಿ, ಇಟಲಿಯ ತಿರಾನೊ ಎಂಬ ಊರಿನಲ್ಲಿ 429 ಮೀಟರಿಗೆ ಇಳಿಯುತ್ತದೆ. ಹಿಮದ ಹಾಸಿನಿಂದ ದ್ರಾಕ್ಷಿಯ ತೋಟಕ್ಕೆ ಒಂದು ಮಧ್ಯಾಹ್ನದಲ್ಲಿ ಇಳಿದಂತೆ. 1910ರಿಂದ ಈ ದಾರಿ ಪೂರ್ತಿಯಾಗಿ ತೆರೆದಿದೆ.

ಎರಡನೆಯ ಮಾತು: ಒಂದೇ ಹಳಿಯ ಮೇಲೆ ಎರಡು ಬಗೆಯ ಗಾಡಿಗಳು ಓಡುತ್ತವೆ. ಒಂದು, ಮಾಡಿನವರೆಗೆ ಗಾಜಿರುವ ಹೆಸರಾಂತ ವಿಹಾರದ ಗಾಡಿ. ಅದಕ್ಕೆ ಆಸನವನ್ನು ಮುಂಗಡವಾಗಿ ಕಾದಿರಿಸಿ ಬೇರೆ ಹಣ ತೆರಬೇಕು. ಇನ್ನೊಂದು, ಶಾಲೆಯ ಮಕ್ಕಳೂ ಸಂತೆಯ ಹೆಂಗಸರೂ ಹತ್ತುವ ಸಾಧಾರಣ ಗಾಡಿ. ನೋಟ ಎರಡರಲ್ಲಿಯೂ ಒಂದೇ. ಸಾಧಾರಣ ಗಾಡಿಯಲ್ಲಿ ಮನಸ್ಸು ಬಂದಲ್ಲಿ ಇಳಿದು ಮುಂದಿನ ಗಾಡಿಗೆ ಹತ್ತಬಹುದು. ಕೆಲವು ಚಿಕ್ಕ ನಿಲ್ದಾಣಗಳಲ್ಲಂತೂ ಪ್ರಯಾಣಿಕರು ಗುಂಡಿ ಒತ್ತಿದರೆ ಮಾತ್ರ ರೈಲು ನಿಲ್ಲುತ್ತದೆ. ನಮ್ಮ ಬಸ್ಸಿನಲ್ಲಿ ‘ಹೋಲ್ಡಾನ್’ ಎಂದು ಕೂಗಿದಂತೆ! ಈ ಸಂಗತಿ ಕೇಳಿ ದೊಡ್ಡಮ್ಮ, “ಗುಂಡಿ ನಾನೇ ಒತ್ತಬಹುದೆ?” ಎಂದು ವಿಚಾರಿಸಿದರು.

ಮೂರನೆಯದು: ಊರುಗಳನ್ನು ಎಣಿಸಬೇಡಿ, ಹಾಸಿಗೆಗಳನ್ನು ಎಣಿಸಿರಿ. ಪೆಟ್ಟಿಗೆ ಕಟ್ಟಿ ಬಿಚ್ಚುವುದರಲ್ಲಿಯೇ ಮುದುಕರ ಶಕ್ತಿ ಕಳೆಯುತ್ತದೆ. ನಾವು ಗೊತ್ತುಮಾಡಿದ್ದು ಎರಡೇ ತಂಗುದಾಣ: ಬೆರ್ಗ್ಯುನ್‌ನಲ್ಲಿ ಐದು ರಾತ್ರಿ, ತಿರಾನೊಗೆ ಇಳಿಯುವ ದಾರಿಯಲ್ಲಿರುವ ಪೊಸ್ಕಿಯಾವೊ ಎಂಬ ಕಣಿವೆಯೂರಿನಲ್ಲಿ ನಾಲ್ಕು ರಾತ್ರಿ. ಅಡುಗೆಮನೆಯಿರುವ ಬಾಡಿಗೆ ಮನೆ ಹಿಡಿದರೆ ಸಾರು ಅನ್ನಕ್ಕೆ ಕೊರತೆಯಿಲ್ಲ. ಭಾನುವಾರ ಅಂಗಡಿಗಳು ಬಹುಮಟ್ಟಿಗೆ ಮುಚ್ಚಿರುತ್ತವೆಂಬುದನ್ನು ಮಾತ್ರ ಮರೆಯಬಾರದು. ಮನೆ ಯಾವ ಮಹಡಿಯಲ್ಲಿದೆ, ಲಿಫ್ಟು ಉಂಟೆ ಎಂಬುದನ್ನು ಹಣ ಕಟ್ಟುವ ಮೊದಲೇ ಕೇಳಬೇಕು.

ಭಾಷೆಯ ಮೇಷ್ಟ್ರಾದ ನನಗೆ ಆ ಕಡೆ ಇನ್ನೊಂದು ಆಕರ್ಷಣೆಯೂ ಕಾಣುತ್ತದೆ. ಬೆರ್ಗ್ಯುನ್ ನಿಲ್ದಾಣದ ಫಲಕದಲ್ಲಿ ಜರ್ಮನ್ ಹೆಸರಿನ ಜೊತೆಗೆ ಬ್ರಾವೋನ್ ಎಂಬ ಇನ್ನೊಂದು ಹೆಸರಿದೆ. ಅದು ರೊಮಾನ್ಶ್ ಭಾಷೆಯದು. ಅದನ್ನಾಡುವವರು ಒಂದು ಲಕ್ಷವೂ ಇಲ್ಲ, ನಮ್ಮ ಒಂದು ತಾಲ್ಲೂಕಿನ ಜನಕ್ಕಿಂತ ಕಡಿಮೆ. ಆದರೂ 1938ರ ಫೆಬ್ರವರಿಯಲ್ಲಿ ಸ್ವಿಸ್ ಮತದಾರರು ಅದನ್ನು ನಾಲ್ಕನೆಯ ರಾಷ್ಟ್ರಭಾಷೆಯೆಂದು ಒಪ್ಪಿದರು. ಏಳು ದೇಶ ಓಡಿದವರಿಗೆ ಇಂಥ ಫಲಕ ಓದಲು ಪುರಸೊತ್ತೆಲ್ಲಿ?

ನಾಲ್ಕನೆಯದು ಕಾಲ. ಮೊಮ್ಮಕ್ಕಳ ರಜೆಯೆಂದು ಏಪ್ರಿಲ್–ಮೇ ತಿಂಗಳಲ್ಲಿ ಹೋದರೆ ಎತ್ತರದ ಹಳ್ಳಿಗಳಲ್ಲಿ ಹಿಮ ಕರಗುವ ಕೆಸರು. ಎಷ್ಟೋ ಹೋಟೆಲುಗಳು ಬಾಗಿಲು ಹಾಕಿರುತ್ತವೆ. ಜುಲೈ–ಆಗಸ್ಟಿನಲ್ಲಿ ಜನಜಂಗುಳಿ. ಸೆಪ್ಟೆಂಬರು ಪ್ರಶಸ್ತ. ನಮ್ಮ ಪಂಚಾಂಗಕ್ಕೂ ಅದು ಹೊಂದುತ್ತದೆ: ಗೌರಿ ಗಣೇಶ ಮುಗಿಸಿ ಹೊರಟವರು ಮಹಾಲಯ ಅಮಾವಾಸ್ಯೆಯ ಒಳಗೆ ಹಿಂದಿರುಗಿ ಹಿರಿಯರ ಕಾರ್ಯ ನಡೆಸಬಹುದು. ನಡುವೆ ಮೂರು ವಾರಕ್ಕೂ ಮಿಕ್ಕಿ ಬಿಡುವಿದೆ.

ಕಾಗದಪತ್ರಗಳ ವಿಷಯವನ್ನೂ ಹೇಳಿಬಿಡಬೇಕು. ಷೆಂಗೆನ್ ವೀಸಾಕ್ಕೆ ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಹದಿನೈದು ದಿನ ಉಳಿದ ಮೇಲೆ ಹಾಕಲಾಗದು. ಹೆಚ್ಚು ದಿನ ತಂಗುವ ದೇಶಕ್ಕೇ ಅರ್ಜಿ ಸಲ್ಲಬೇಕು. ಚಿಕಿತ್ಸೆಯ ವಿಮೆ ಕನಿಷ್ಠ 30,000 ಯೂರೊಗಳದ್ದಿರಬೇಕು. 2024ರ ಏಪ್ರಿಲ್‌ನಲ್ಲಿ ಭಾರತೀಯರಿಗಾಗಿ ಒಂದು ಸಡಿಲಿಕೆ ಬಂತು: ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ, ಹಲವು ಸಲ ಹೋಗಿಬರುವ ವೀಸಾ ದೊರೆಯಬಹುದು. ಹಳೆಯ ಪಾಸ್‌ಪೋರ್ಟನ್ನು ಎಲ್ಲಿಯೋ ಎಸೆಯದೆ ಅರ್ಜಿಯೊಡನೆ ತೋರಿಸುವುದು ಲೇಸು.

ಸ್ವಿಟ್ಜರ್ಲೆಂಡು ಕೈಗೆಟುಕದವರು ನಿರಾಶರಾಗಬೇಕಿಲ್ಲ. ಇದೇ ಬಗೆಯ ಯಾತ್ರೆ ಶ್ರೀಲಂಕೆಯಲ್ಲಿಯೂ ಉಂಟು. ಕೊಲಂಬೊದಿಂದ ಚಹಾ ತೋಟಗಳ ನಡುವೆ ಏರಿ ಬದುಳ್ಳಕ್ಕೆ ಹೋಗುವ ದಾರಿ 1924ರಲ್ಲಿ ಪೂರ್ಣವಾಯಿತು. ಪಟ್ಟಿಪೊಳದಲ್ಲಿ ಅದು 1,900 ಮೀಟರಿನ ಸಮೀಪ ಏರುತ್ತದೆ, ದೆಮೋದರದಲ್ಲಿ ಹಳಿ ಸುತ್ತು ಹಾಕಿ ತನ್ನ ಕೆಳಗೆ ತಾನೇ ನುಸುಳುತ್ತದೆ. ಜನ ನೆರೆಯುವ ಎಲ್ಲ ಎಂಬ ಊರನ್ನು ಬಿಟ್ಟು ಹಪುತಳೆಯಲ್ಲಿ ತಂಗಬಹುದು. ಆದರೆ 2025ರ ನವೆಂಬರ್ ಕೊನೆಯಲ್ಲಿ ಬೀಸಿದ ದಿತ್ವಾ ಚಂಡಮಾರುತದಿಂದ ಆ ಮಲೆನಾಡು ಬಹಳ ನೊಂದಿತು. ರೈಲುದಾರಿಗೂ ಭಾರಿ ಹಾನಿಯಾಯಿತು. ಹೊರಡುವ ಮುನ್ನ ಯಾವ ಭಾಗದಲ್ಲಿ ಗಾಡಿ ಓಡುತ್ತಿದೆಯೆಂದು ವಿಚಾರಿಸಿಯೇ ಹಣ ಕಟ್ಟತಕ್ಕದ್ದು.

ಎಲ್ಲಿಗೇ ಹೋಗಲಿ, ಮೊದಲು ಮನೆಯ ಹತ್ತಿರ ಒಂದು ಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ಘಟ್ಟದ ದಾರಿಯಲ್ಲಿ ಐವತ್ತಕ್ಕೂ ಮಿಕ್ಕಿ ಸುರಂಗಗಳಿವೆ. ಅಲ್ಲಿ ಹಗಲಿನ ಗಾಡಿಯಲ್ಲಿ ಒಮ್ಮೆ ಹೋಗಿಬಂದರೆ, ಎಷ್ಟು ಹೊತ್ತು ಕೂರಬಲ್ಲೆವು, ಎಷ್ಟು ಸಾಮಾನು ಎತ್ತಬಲ್ಲೆವು, ಸುಮ್ಮನೆ ನೋಡುತ್ತಿರುವುದು ನಮಗೆ ಒಗ್ಗುತ್ತದೆಯೆ ಎಂಬುದೆಲ್ಲ ತಿಳಿದುಹೋಗುತ್ತದೆ. 2025ರಲ್ಲಿ ವಿದ್ಯುದೀಕರಣದ ಕೆಲಸಕ್ಕಾಗಿ ಹಗಲಿನ ಗಾಡಿಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದುಂಟು; ಇದನ್ನೂ ವಿಚಾರಿಸಿಯೇ ಹೊರಡಬೇಕು.

ಇನ್ನು ದೊಡ್ಡಪ್ಪನವರ ಒಂಬತ್ತು ನಗರಗಳು. ಮೂರು ಭಾನುವಾರಗಳ ವಾದದ ಬಳಿಕ ಎಂಟು ಬಿದ್ದವು, ಮಿಲಾನ್ ಉಳಿಯಿತು. ಅದನ್ನು ಉಳಿಸಿಕೊಂಡದ್ದರಿಂದ ಯಾತ್ರೆಗೆ ನಷ್ಟವೇನೂ ಇಲ್ಲ. ತಿರಾನೊದಿಂದ ಕೋಮೋ ಸರೋವರದ ದಂಡೆಯಲ್ಲಿ ಸುಮಾರು ಎರಡೂವರೆ ತಾಸಿನಲ್ಲಿ ರೈಲು ಮಿಲಾನನ್ನು ಮುಟ್ಟುತ್ತದೆ. ಜ್ಯೂರಿಕ್ಕಿನಲ್ಲಿ ಇಳಿದು ಮಿಲಾನಿನಲ್ಲಿ ವಿಮಾನ ಹತ್ತಿದರೆ, ಬಂದ ದಾರಿಯಲ್ಲಿಯೇ ಹಿಂದಿರುಗುವ ಶ್ರಮವೂ ತಪ್ಪುತ್ತದೆ. ಲಿಯೊನಾರ್ಡೊನ ‘ಕೊನೆಯ ಭೋಜನ’ದ ಭಿತ್ತಿಚಿತ್ರವನ್ನು ನೋಡಲು ವಾರಗಳ ಮುಂಚೆಯೇ ಟಿಕೀಟು ಕಾದಿರಿಸಬೇಕು, ಆ ಹೊಣೆಯನ್ನು ಅವರೇ ವಹಿಸಿಕೊಂಡಿದ್ದಾರೆ.

ಎಂಟು ನಗರ ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಮುಂದೆ ನೋಡುವೆವೆಂದು ಬಿಡುವುದು ಬೇರೆ, ಇನ್ನು ನೋಡುವುದಿಲ್ಲವೆಂದು ತಿಳಿದು ಬಿಡುವುದು ಬೇರೆ. ಆದರೆ ಒಂಬತ್ತನ್ನೂ ಓಡಿ ನೋಡಿದ್ದರೆ ಜೊತೆಯಲ್ಲಿ ಬಂದವರ ಮುಖ ನೋಡಲು ಸಮಯ ಸಿಗುತ್ತಿರಲಿಲ್ಲ. ಮೊದಲ ಯಾತ್ರೆಯಿಂದ ಬಂದವರು ‘ನೋಡಿ ಬಂದೆವು’ ಎನ್ನುತ್ತಾರೆ. ಎರಡನೆಯದರಿಂದ ಬಂದವರು ‘ಅಲ್ಲಿ ಇದ್ದು ಬಂದೆವು’ ಎನ್ನುವಂತಿದ್ದರೆ, ಕಟ್ಟಿದ ಹಣಕ್ಕೆ ಅದಕ್ಕಿಂತ ಬೇರೆ ಬೆಲೆ ಬೇಕಿಲ್ಲ.