ವೈದ್ಯರ ಪುಸ್ತಕದಲ್ಲಿ ರೋಗಿಯ ಮಾತಿಲ್ಲ

ಮನಸ್ಸಿನ ಕಾಯಿಲೆಗಳ ಕುರಿತು ಬರೆಯುವುದರಲ್ಲಿ ಕನ್ನಡ ಹಿಂದೆ ಬಿದ್ದ ಭಾಷೆಯಲ್ಲ. ‘ಕೊರವಂಜಿ’ಯ ರಾ.ಶಿ. ಎಂದೇ ನಾಡಿಗೆ ಪರಿಚಿತರಾಗಿದ್ದ ಡಾ. ಎಂ. ಶಿವರಾಂ ಅವರ ‘ಮನಮಂಥನ’ ಕೃತಿಗೆ 1976ರಲ್ಲಿಯೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಜನಸಾಮಾನ್ಯರಿಗಾಗಿ ದಶಕಗಳ ಕಾಲ ಬರೆದ ಪುಸ್ತಕಗಳು ಸಣ್ಣಪುಟ್ಟ ಊರುಗಳ ವಾಚನಾಲಯಗಳನ್ನೂ ತಲುಪಿವೆ. ಓದಬಲ್ಲ ರೋಗಿಗೆ, ಅವರ ಮನೆಯವರಿಗೆ ಇವುಗಳಿಂದ ಆಗಿರುವ ಉಪಕಾರ ದೊಡ್ಡದು. ಆದರೆ ರೋಗಿಯನ್ನು ಎಲ್ಲರಿಗಿಂತ ಮೊದಲು ಕಾಣುವ ಸಾಮಾನ್ಯ ವೈದ್ಯರ ಮೇಜಿನ ಮೇಲಿರುವ ಪುಸ್ತಕ ಬೇರೆಯದು. ಅದು ಇಂಗ್ಲಿಷಿನಲ್ಲಿದೆ, ಶಾಸ್ತ್ರೀಯವಾಗಿದೆ, ವಿಶ್ವಾಸಾರ್ಹವೂ ಆಗಿದೆ. ಎದುರಿಗೆ ಕುಳಿತ ರೋಗಿ ಆಡುವ ಮಾತು ಮಾತ್ರ ಅದರಲ್ಲಿ ಇಲ್ಲ. ಈ ಕೊರತೆಯನ್ನು ಭಾಷಾಭಿಮಾನದ ದೂರೆಂದು ಬದಿಗೆ ಸರಿಸುವಂತಿಲ್ಲ. ಚಿಕಿತ್ಸೆಯ ಫಲಾಫಲಗಳೇ ಇದರ ಮೇಲೆ ನಿಂತಿವೆ ಎಂಬುದು ನನ್ನ ವಾದ.

ನಾನು ವೃತ್ತಿ ನಡೆಸುವ ಗುಳೇದಗುಡ್ಡ ನೇಕಾರರ ಊರು. ಇಲ್ಲಿಯ ಖಣ, ನೆರೆಯ ಇಳಕಲ್ಲಿನ ಸೀರೆ ಇವೆರಡೂ ಜೋಡಿಯಾಗಿ ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಉಡುಗೆಯಾಗಿ ಹೆಸರು ಪಡೆದಿವೆ. ಕೈಮಗ್ಗದ ದುಡಿಮೆ ಈಗ ಮೊದಲಿನಂತಿಲ್ಲ. ನೂಲಿನ ಬೆಲೆ, ವಿದ್ಯುತ್ ಮಗ್ಗದ ಪೈಪೋಟಿ, ಬದಲಾದ ಉಡುಗೆ, ಸಾಲ ಇವೆಲ್ಲ ಸೇರಿ ಮನೆಮನೆಯಲ್ಲಿ ನೆಮ್ಮದಿ ಕಡಿಮೆಯಾಗಿದೆ. ಹಾಗೆಂದು ಇಲ್ಲಿಯ ಜನ ಮನಸ್ಸಿಗೆ ಕಾಯಿಲೆ ಎಂದು ಹೇಳಿಕೊಂಡು ವೈದ್ಯರ ಬಳಿಗೆ ಬರುವುದಿಲ್ಲ. ‘ಸಾಹೇಬ್ರ, ರಾತ್ರಿ ನಿದ್ದಿ ಹತ್ತವಲ್ದರಿ’ ಎನ್ನುತ್ತಾರೆ. ‘ತಲಿ ಧಿಮ್ ಅಂತೈತ್ರಿ’, ‘ಎದಿ ಧಸಕ್ ಅಂತೈತ್ರಿ’, ‘ಮೈಯೆಲ್ಲಾ ಹರದ ಹೋದಂಗ ಆಗೈತ್ರಿ’ ಎನ್ನುತ್ತಾರೆ. ರಕ್ತ, ಮೂತ್ರ, ಇ.ಸಿ.ಜಿ. ಎಲ್ಲವೂ ಸರಿಯಾಗಿರುತ್ತವೆ. ಒಂದು ಶಕ್ತಿಯ ಇಂಜೆಕ್ಷನ್, ಒಂದು ಸಲೈನ್, ನಾಲ್ಕಾರು ಗುಳಿಗೆ ಪಡೆದು ಹೋದವರು ತಿಂಗಳೊಳಗೆ ಮತ್ತೊಂದು ದವಾಖಾನೆಯ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಾರೆ. ‘ಖಿನ್ನತೆ’ ಎಂಬ ಶಬ್ದವನ್ನು ನನ್ನ ರೋಗಿಗಳ ಬಾಯಿಂದ ಕೇಳಿದ್ದು ತೀರ ಅಪರೂಪ. ಅದು ಪತ್ರಿಕೆಯ ಕನ್ನಡ. ದವಾಖಾನೆಯ ಕನ್ನಡದಲ್ಲಿ ಅದಕ್ಕೆ ‘ಬ್ಯಾಸರಕಿ’ ಎಂದು ಹೆಸರು.

ಇಂತಹ ರೋಗಿಗಳ ಸಂಖ್ಯೆ ಸಣ್ಣದಲ್ಲ. ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿ ಯಾವುದಾದರೊಂದು ಮಾನಸಿಕ ಅಸ್ವಸ್ಥತೆಯಿಂದ ಬಳಲುತ್ತಿದ್ದರು. ಚಿಕಿತ್ಸೆ ದೊರೆಯದೆ ಉಳಿದವರ ಪ್ರಮಾಣ ಬೇರೆ ಬೇರೆ ಕಾಯಿಲೆಗಳಲ್ಲಿ ಶೇ 70ರಿಂದ 92ರವರೆಗೆ ಇತ್ತು. ಇವರೆಲ್ಲರನ್ನೂ ಮನೋವೈದ್ಯರೇ ನೋಡಬೇಕೆಂದರೆ ಅಷ್ಟು ಮನೋವೈದ್ಯರು ದೇಶದಲ್ಲಿ ಇಲ್ಲ. ನಮ್ಮ ಭಾಗದ ಜನರಿಗೆ ಮನೋರೋಗದ ಆಸ್ಪತ್ರೆ ಎಂದರೆ ಧಾರವಾಡ. 1845ರಷ್ಟು ಹಿಂದೆ ಆರಂಭವಾದ ಆ ಸಂಸ್ಥೆ ಇಂದು ಬೆಳೆದು ಬದಲಾಗಿದ್ದರೂ ‘ಧಾರವಾಡಕ್ಕ ಕಳಸಬೇಕು’ ಎಂಬ ಮಾತು ಇನ್ನೂ ಬೈಗುಳವಾಗಿಯೇ ಉಳಿದಿದೆ. ಬಾಗಲಕೋಟೆಗೆ ಹೋಗಿಬರುವುದೆಂದರೂ ನೇಕಾರನಿಗೆ ಒಂದು ದಿನದ ಮಗ್ಗದ ಕೂಲಿ ಖೋತಾ. ಆದ್ದರಿಂದ ಊರಿನ ಸಾಮಾನ್ಯ ವೈದ್ಯ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ, ದಾದಿ, ಆಶಾ ಕಾರ್ಯಕರ್ತೆ ಇವರೇ ಬಹುಪಾಲು ರೋಗಿಗಳ ಪಾಲಿನ ಮನೋವೈದ್ಯರು.

ಹೀಗಿರುವಾಗ ಇವರು ಏನನ್ನು ಓದಿ ತಯಾರಾಗಿದ್ದಾರೆ? ಎಂ.ಬಿ.ಬಿ.ಎಸ್. ವ್ಯಾಸಂಗದಲ್ಲಿ ಮನೋವೈದ್ಯಶಾಸ್ತ್ರಕ್ಕೆ ದೊರೆಯುವುದು ಕೆಲವೇ ವಾರಗಳ ತರಬೇತಿ. ಪರೀಕ್ಷೆಯಲ್ಲಿ ಅದು ಪ್ರತ್ಯೇಕ ವಿಷಯವಲ್ಲ, ವೈದ್ಯಶಾಸ್ತ್ರದ ಪತ್ರಿಕೆಯೊಳಗಿನ ಒಂದು ತುಣುಕು. ನೀರಜ್ ಅಹುಜಾ ಅವರ ಕಿರು ಪಠ್ಯಪುಸ್ತಕವನ್ನು ಪರೀಕ್ಷೆಗಾಗಿ ಓದಿ ಮುಗಿಸಿದವರೇ ಹೆಚ್ಚು. ಆಸಕ್ತಿಯುಳ್ಳವರು ಕಪ್ಲಾನ್ ಮತ್ತು ಸಡಾಕ್ ಅವರ ಬೃಹತ್ ಗ್ರಂಥವನ್ನು ತಿರುವಿ ಹಾಕಿರಬಹುದು. ಈ ಪುಸ್ತಕಗಳ ಬಗ್ಗೆ ನನಗೆ ಗೌರವವಿದೆ. ಲಕ್ಷಣಗಳನ್ನು ಕ್ರಮವಾಗಿ ಜೋಡಿಸುವುದನ್ನು, ಔಷಧಿಯ ಪ್ರಮಾಣವನ್ನು, ಒಂದು ಕಾಯಿಲೆಯನ್ನು ಇನ್ನೊಂದರಿಂದ ಬೇರ್ಪಡಿಸುವ ಬಗೆಯನ್ನು ಅವು ಚೆನ್ನಾಗಿ ಕಲಿಸುತ್ತವೆ. ಆದರೆ ಅವು ರೋಗದ ಹೆಸರಿನಿಂದ ಹೊರಟು ಲಕ್ಷಣಗಳ ಕಡೆಗೆ ಬರುತ್ತವೆ. ದವಾಖಾನೆಯಲ್ಲಿ ನಡೆಯುವುದು ಇದಕ್ಕೆ ತಿರುವುಮುರುವು. ಅಲ್ಲಿ ಮೊದಲು ಬರುವುದು ಒಂದು ಮಾತು. ಆ ಮಾತಿನಿಂದ ರೋಗದವರೆಗಿನ ದಾರಿಯನ್ನು ವೈದ್ಯರು ಒಬ್ಬರೇ ಕಂಡುಕೊಳ್ಳಬೇಕು.

ಈ ಮಾತು ಎಷ್ಟು ನಿರ್ಣಾಯಕ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಕಂಡಿಕೆ ಸುತ್ತುವ ಹೆಣ್ಣುಮಗಳೊಬ್ಬಳು ‘ಜೀವಾ ಬ್ಯಾಸರಾಗೈತ್ರಿ’ ಎನ್ನುತ್ತಾಳೆ. ನಮ್ಮ ಕಡೆ ಇದು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಮಾತು. ಬಿಸಿಲಿಗೆ ದಣಿದವರೂ ಆಡುತ್ತಾರೆ, ಮಕ್ಕಳ ಕಾಟಕ್ಕೆ ರೋಸಿದವರೂ ಆಡುತ್ತಾರೆ, ಸಾಯುವ ಯೋಚನೆಯಲ್ಲಿ ಇರುವವರೂ ಇದೇ ಮಾತನ್ನು ಆಡುತ್ತಾರೆ. ಇವುಗಳಲ್ಲಿ ಯಾವುದು ಎಂದು ತಿಳಿಯಬೇಕಾದರೆ ಎರಡನೆಯ ಪ್ರಶ್ನೆ ಕೇಳಬೇಕು. ಆತ್ಮಹತ್ಯೆಯ ಯೋಚನೆಯ ಬಗ್ಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಬದಲಾಗಿ ಹೇಳಿಕೊಳ್ಳಲು ದಾರಿಯಾಗುತ್ತದೆ ಎಂದು ಎಲ್ಲ ಗ್ರಂಥಗಳೂ ಸಾರುತ್ತವೆ. ಹೇಗೆ ಕೇಳಬೇಕೆಂಬುದನ್ನು ಇಂಗ್ಲಿಷಿನಲ್ಲಿ ಬರೆದುಕೊಡುತ್ತವೆ. ಆ ವಾಕ್ಯವನ್ನು ಅನುವಾದಿಸಿ ‘ನಿಮಗೆ ಆತ್ಮಹತ್ಯೆಯ ಆಲೋಚನೆಗಳು ಬರುತ್ತಿವೆಯೇ’ ಎಂದರೆ ಆಕೆ ಬೆದರಿ ಅತ್ತೆಯ ಮುಖ ನೋಡಿ ‘ಇಲ್ರಿ’ ಎನ್ನುತ್ತಾಳೆ. ಜೊತೆಗೆ ಬಂದವರನ್ನು ಸ್ವಲ್ಪ ಹೊರಗೆ ಕೂರಿಸಿ ‘ಬ್ಯಾಸರಾಗೈತಿ ಅಂದ್ರ ಎಷ್ಟವ್ವಾ? ಇದಕ್ಕಿಂತ ಸತ್ತಹೋದ್ರ ಚಲೋ ಅನ್ನಿಸತೈತೇನು?’ ಎಂದರೆ ಉತ್ತರ ಬೇರೆಯಾಗಬಹುದು. ಒಂದು ಜೀವ ಈ ಎರಡು ವಾಕ್ಯಗಳ ನಡುವಿನ ಅಂತರದಲ್ಲಿ ತೂಗಾಡುತ್ತಿರುತ್ತದೆ. ಆ ಎರಡನೆಯ ವಾಕ್ಯ ಪುಸ್ತಕದಲ್ಲಿ ಅಚ್ಚಾಗಿರಬೇಕು.

ಹೊರಗಿನ ಶಾಸ್ತ್ರಜ್ಞರು ಈ ಸಮಸ್ಯೆಯನ್ನು ಅರಿತಿಲ್ಲವೆಂದು ಹೇಳಲಾಗದು. ಗಂಡಸರು ಧಾತು ಹೋಗುತ್ತದೆಂದು ಹೇಳಿಕೊಳ್ಳುವ ನಿಶ್ಶಕ್ತಿಯನ್ನು ಭಾರತದ ಮನೋವೈದ್ಯ ಎನ್.ಎನ್. ವಿಗ್ ಅವರು 1960ರಲ್ಲಿ ಗುರುತಿಸಿ ಹೆಸರಿಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲೂ ಅದು ಸ್ಥಾನ ಪಡೆಯಿತು. ಹೆಣ್ಣುಮಕ್ಕಳು ಬಿಳಿ ಹೋಗುತ್ತದೆ, ಸೊಂಟ ಸೇದುತ್ತದೆ ಎನ್ನುವಾಗ ಅದರ ಹಿಂದೆ ಮನಸ್ಸಿನ ನೋವಿರಬಹುದೆಂದು ನಮ್ಮ ದೇಶದ ಸಂಶೋಧಕರೇ ತೋರಿಸಿದ್ದಾರೆ. ಅಮೆರಿಕದ ಮನೋವೈದ್ಯ ಸಂಘ 2013ರಲ್ಲಿ ಪ್ರಕಟಿಸಿದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ, ರೋಗಿ ತನ್ನ ಸಂಕಟವನ್ನು ತನ್ನ ಸಮಾಜದ ಮಾತಿನಲ್ಲಿ ಹೇಗೆ ಹೇಳುತ್ತಾನೆ ಎಂದು ತಿಳಿಯಲು 16 ಪ್ರಶ್ನೆಗಳ ಸಂದರ್ಶನವನ್ನೇ ಸೇರಿಸಲಾಗಿದೆ. ಬಾಗಿಲು ತೆರೆದಿದೆ, ಒಳಗೆ ನಮ್ಮ ಮಾತನ್ನು ತುಂಬಬೇಕಾದವರು ನಾವು.

ರೋಗವನ್ನು ಗುರುತಿಸಿದ ಮೇಲೂ ಪುಸ್ತಕದ ಕೊರತೆ ಕಾಡುತ್ತದೆ. ಮನೋರೋಗದ ಕೆಲವು ಔಷಧಿಗಳು ಕೈ ನಡುಕ, ಸ್ನಾಯುಗಳ ಬಿಗಿತ, ಕಾಲುಗಳಲ್ಲಿ ಚಡಪಡಿಕೆ ಉಂಟುಮಾಡುತ್ತವೆ. ವಾಹನ ಓಡಿಸುವಾಗ, ಯಂತ್ರಗಳ ಬಳಿ ಎಚ್ಚರ ಎಂದು ಗ್ರಂಥಗಳು ಹೇಳುತ್ತವೆ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಹಲಗೆ ತುಳಿಯುತ್ತ, ಕೈಯಲ್ಲಿ ಲಾಳಿ ಓಡಿಸುತ್ತ, ಹರಿದ ಎಳೆಯನ್ನು ಬೆರಳ ತುದಿಯಿಂದ ಗಂಟು ಹಾಕುವವನಿಗೆ ಈ ನಡುಕವೆಂದರೆ ಅನ್ನದ ಪ್ರಶ್ನೆ. ಎಳೆ ಕೂಡಿಸಲಾಗದ ದಿನ ಅವನು ಮಗ್ಗವನ್ನು ಬಿಡುವುದಿಲ್ಲ, ಗುಳಿಗೆಯನ್ನು ಬಿಡುತ್ತಾನೆ. ಮೂರು ತಿಂಗಳಲ್ಲಿ ಕಾಯಿಲೆ ಮರುಕಳಿಸುತ್ತದೆ, ‘ಡಾಕ್ಟರ ಔಷಧ ತಾಗಲಿಲ್ಲ’ ಎಂಬ ಮಾತು ಉಳಿಯುತ್ತದೆ. ಲಿಥಿಯಂ ಸೇವಿಸುವವರಲ್ಲಿ ಬೆವರಿ ನೀರಿನಂಶ ಕಡಿಮೆಯಾದರೆ ಅದು ರಕ್ತದಲ್ಲಿ ಅಪಾಯದ ಮಟ್ಟಕ್ಕೇರಬಹುದು. ನಮ್ಮ ಏಪ್ರಿಲ್–ಮೇ ಬಿಸಿಲಿಗೂ ಉಪವಾಸಗಳಿಗೂ ಈ ಎಚ್ಚರಿಕೆಯನ್ನು ಹೊಂದಿಸಿ ಹೇಳಬೇಕು. ಖಿನ್ನತೆಯ ಗುಳಿಗೆ ಕೆಲಸ ಆರಂಭಿಸಲು ಎರಡರಿಂದ ನಾಲ್ಕು ವಾರ ಬೇಕು, ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು ಎಂಬ ಸಂಗತಿಯನ್ನು, ಒಂದು ಇಂಜೆಕ್ಷನ್ನಿಗೆ ಜ್ವರ ಇಳಿಯುವುದನ್ನು ಕಂಡವರಿಗೆ ಮನದಟ್ಟು ಮಾಡುವುದೂ ಒಂದು ವಿದ್ಯೆಯೇ.

ಕಾನೂನಿನ ವಿಚಾರವೂ ಇದೆ. ಹಳೆಯ ಆವೃತ್ತಿಯ ಪುಸ್ತಕ ಓದಿದವರ ತಲೆಯಲ್ಲಿ ಆತ್ಮಹತ್ಯೆಯ ಯತ್ನ ಭಾರತೀಯ ದಂಡ ಸಂಹಿತೆಯ 309ನೇ ಕಲಮಿನ ಅಪರಾಧವಾಗಿಯೇ ಉಳಿದಿರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು ಅಂತಹ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕೆಂದು ವಿಧಿಸಿತು. ಅದೇ ಕಾಯ್ದೆಯ 94ನೇ ಕಲಮಿನಂತೆ ತುರ್ತು ಸಂದರ್ಭದಲ್ಲಿ ಯಾವುದೇ ನೋಂದಾಯಿತ ವೈದ್ಯರು 72 ಗಂಟೆಗಳ ಮಿತಿಯಲ್ಲಿ ಮನೋರೋಗದ ಚಿಕಿತ್ಸೆ ನೀಡಬಹುದು. ಈ ಅಧಿಕಾರ ತಮಗಿದೆಯೆಂದು ತಿಳಿಯದ ವೈದ್ಯರು ಕೆರಳಿದ ರೋಗಿಯನ್ನು ನೋಡಲು ಹಿಂಜರಿದರೆ ತಪ್ಪು ಅವರೊಬ್ಬರದೇ ಅಲ್ಲ.

ಈ ಬಗೆಯ ಪುಸ್ತಕ ಅಸಾಧ್ಯವೇನಲ್ಲ ಎಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಪುರಾವೆ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ, ಕೈಪಿಡಿ ನೀಡಿ ಮನೋರೋಗಗಳ ಚಿಕಿತ್ಸೆಯನ್ನು ಹಳ್ಳಿಗೆ ಒಯ್ದಿತು. ಆ ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ವಿಸ್ತರಿಸಿತು. ಗೋವಾದಲ್ಲಿ ದುಡಿದ ಮನೋವೈದ್ಯ ವಿಕ್ರಮ್ ಪಟೇಲ್ 2003ರಲ್ಲಿ, ಮನೋವೈದ್ಯರಿಲ್ಲದ ಕಡೆ ಕೆಲಸ ಮಾಡುವವರಿಗಾಗಿ ಬರೆದ ಇಂಗ್ಲಿಷ್ ಕೈಪಿಡಿ ರೋಗದ ಹೆಸರಿನ ಬದಲು ರೋಗಿ ತರುವ ತೊಂದರೆಯಿಂದ ಹೊರಡುತ್ತದೆ. ಅದನ್ನು ತಂತಮ್ಮ ಪ್ರದೇಶಕ್ಕೆ ಹೊಂದಿಸಿಕೊಳ್ಳಲು ಒಂದು ಭಾಗವನ್ನೇ ಮೀಸಲಿಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ತಂದು 2016ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿಯೂ ತಜ್ಞರಲ್ಲದ ವೈದ್ಯರಿಗಾಗಿಯೇ ರಚಿತವಾದದ್ದು.

ಇಲ್ಲಿ ಒಂದು ಆಕ್ಷೇಪವನ್ನು ನಿರೀಕ್ಷಿಸಬಹುದು. ವೈದ್ಯರೆಲ್ಲರೂ ಇಂಗ್ಲಿಷ್ ಬಲ್ಲವರು, ಅವರಿಗೇಕೆ ಕನ್ನಡ ಪುಸ್ತಕ? ಇಂಗ್ಲಿಷ್ ಪಠ್ಯವನ್ನು ಕೈಬಿಡಿ ಎಂದು ಯಾರೂ ಹೇಳುತ್ತಿಲ್ಲ. ವೈದ್ಯರು ಓದುವುದು ಇಂಗ್ಲಿಷಿನಲ್ಲಾದರೂ ರೋಗಿಯನ್ನು ಮಾತನಾಡಿಸುವುದು ಕನ್ನಡದಲ್ಲಿ. ಮೈಸೂರಿನ ಕಡೆಯಿಂದ ನಮ್ಮ ಭಾಗಕ್ಕೆ ವರ್ಗವಾಗಿ ಬಂದ ವೈದ್ಯರಿಗೆ ‘ಬ್ಯಾಸರಕಿ’ಯ ಅರ್ಥಛಾಯೆ ತಿಳಿಸುವವರು ಯಾರು? ದಾದಿಯರು, ಆಶಾ ಕಾರ್ಯಕರ್ತೆಯರಂತೂ ಓದುವುದೂ ಮಾತನಾಡುವುದೂ ಕನ್ನಡದಲ್ಲಿಯೇ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ 14416 ಕನ್ನಡದಲ್ಲಿಯೂ ಸೇವೆ ನೀಡುತ್ತದೆ. ಅಲ್ಲಿ ಫೋನು ಎತ್ತಿಕೊಳ್ಳುವವರಿಗೂ ಬೀದರಿನ, ಮಂಗಳೂರಿನ, ಕೊಳ್ಳೇಗಾಲದ ಸಂಕಟದ ಮಾತುಗಳು ತಿಳಿದಿರಬೇಕಾಗುತ್ತದೆ. ಅರೆಬರೆ ತಿಳಿವಳಿಕೆ ಅಪಾಯಕಾರಿ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಯಾರನ್ನು, ಯಾವಾಗ, ಎಲ್ಲಿಗೆ ಕಳುಹಿಸಬೇಕೆಂದು ಸ್ಪಷ್ಟವಾಗಿ ಹೇಳುವುದೇ ಒಳ್ಳೆಯ ಕೈಪಿಡಿಯ ಮೊದಲ ಗುಣ.

ಇಂತಹ ಗ್ರಂಥವನ್ನು ಲಾಭದ ಲೆಕ್ಕ ಹಾಕುವ ಪ್ರಕಾಶಕರಿಂದ ನಿರೀಕ್ಷಿಸುವುದು ನ್ಯಾಯವಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ನಿಮ್ಹಾನ್ಸ್, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗಳ ತಜ್ಞರು ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಭಾಷಾವಿದ್ವಾಂಸರೊಡನೆ ಕುಳಿತು ಮಾಡಬೇಕಾದ ಕೆಲಸವಿದು. ಮೊದಲ ಹೆಜ್ಜೆಗೆ ದೊಡ್ಡ ಹಣವೂ ಬೇಕಿಲ್ಲ. ಜಿಲ್ಲೆ ಜಿಲ್ಲೆಯ ವೈದ್ಯರಿಂದ, ದಾದಿಯರಿಂದ, ಆಶಾ ಕಾರ್ಯಕರ್ತೆಯರಿಂದ ರೋಗಿಗಳು ಬಳಸುವ ಮಾತುಗಳನ್ನು ಹೆಸರು ವಿವರಗಳಿಲ್ಲದೆ ಸಂಗ್ರಹಿಸಿ, ಪ್ರತಿ ಮಾತಿನ ಮುಂದೆ ಅದರ ಸಂಭವನೀಯ ಅರ್ಥಗಳನ್ನೂ ಕೇಳಬೇಕಾದ ಮುಂದಿನ ಪ್ರಶ್ನೆಯನ್ನೂ ಬರೆದರೆ ಅರ್ಧ ಪುಸ್ತಕ ಸಿದ್ಧವಾದಂತೆ. ಉಳಿದರ್ಧ ಶಾಸ್ತ್ರ, ಅದು ಈಗಾಗಲೇ ನಮ್ಮ ಕೈಯಲ್ಲಿದೆ. ಐದು ವರ್ಷಕ್ಕೊಮ್ಮೆ ಪರಿಷ್ಕರಿಸುವ ಹೊಣೆಯನ್ನೂ ಆರಂಭದಲ್ಲಿಯೇ ಒಂದು ಸಂಸ್ಥೆಗೆ ವಹಿಸಬೇಕು. ‘ಜೀವಾ ಬ್ಯಾಸರಾಗೈತ್ರಿ’ ಎಂದು ಬಂದವರಿಗೆ ಸಲೈನ್ ಏರಿಸಿ ಕಳುಹಿಸುವ ರೂಢಿ ನಿಲ್ಲಬೇಕಾದರೆ, ಆ ಮಾತಿಗೆ ವೈದ್ಯರ ಪುಸ್ತಕದಲ್ಲಿ ಒಂದು ಪುಟ ಸಿಗಲೇಬೇಕು.